ತಟ್ಟೆ ಒಂದೇ ಇರಲಿ, ಬ್ರಷ್ ಮಾತ್ರ ಬೇರೆ ಬೇರೆ

(ಸಂಘದ ಆರೋಗ್ಯ ಮಾಹಿತಿ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)





ನನಗೆ ಕೊಟ್ಟ ವಿಷಯ ಹಲ್ಲುಜ್ಜುವ ಬ್ರಷ್ಷನ್ನು ಶುಚಿಯಾಗಿ ಇಟ್ಟುಕೊಳ್ಳುವುದು. ಸಂಘಟಕರು ವಿಷಯ ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕದ್ದು ನನಗೂ ಕೇಳಿಸಿತು. ಶುಗರ್, ಬಿಪಿ, ಹಾರ್ಟ್ ಅಂತ ದೊಡ್ಡ ದೊಡ್ಡ ವಿಷಯ ಇರುವಾಗ ಎರಡು ಮೂರು ರಿಯಾಲಿನ ಬ್ರಷ್ಷಿನ ಬಗ್ಗೆ ಭಾಷಣ ಯಾಕೆ ಅಂತ ಅನ್ನಿಸುವುದು ಸಹಜ. ಆದರೆ ಅದೇ ಬ್ರಷ್ಷಿನಿಂದ ಒಮ್ಮೆ ನನ್ನ ಮೂರು ತಿಂಗಳ ನಿದ್ದೆ ಹೋಗಿತ್ತು. ಮೊದಲು ಅದನ್ನೇ ಹೇಳುತ್ತೇನೆ.

ನಾನು ಡಾಕ್ಟರಲ್ಲ. ಇಲ್ಲಿ ಜುಬೈಲಿನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕ. ಡಾಕ್ಟರರ ಪಕ್ಕದಲ್ಲಿ ನಿಂತು ಸಾಮಾನು ಕೊಡುವುದು, ಆಮೇಲೆ ಅದನ್ನೆಲ್ಲ ತೊಳೆದು ಮೆಷಿನ್ನಿನಲ್ಲಿ 134 ಡಿಗ್ರಿ ಹಬೆಯಲ್ಲಿ ಇಟ್ಟು ಕ್ರಿಮಿ ಸಾಯಿಸುವುದು ನನ್ನ ಕೆಲಸ. ಕೆಲಸಕ್ಕೆ ಸೇರಿದ ಹೊಸತರಲ್ಲಿ ರೂಮಿನಲ್ಲಿ ನಾವು ಆರು ಜನ ಇದ್ದೆವು. ಎಲ್ಲರೂ ಊರಿನ ಕಡೆಯವರೇ. ಸೂಪರ್ ಮಾರ್ಕೆಟಿನಲ್ಲಿ ಆಫರ್ ಇದೆ ಅಂತ ಒಬ್ಬರು ಬ್ರಷ್ಷಿನ ದೊಡ್ಡ ಪ್ಯಾಕೆಟ್ ತಂದರು. ಎಲ್ಲವೂ ನೀಲಿ ಬಣ್ಣ. ಆರೂ ಬ್ರಷ್ಷನ್ನು ಬಾತ್‌ರೂಮಿನ ಒಂದೇ ಗ್ಲಾಸಿನಲ್ಲಿ ತಲೆಗೆ ತಲೆ ತಾಗಿಸಿ ನಿಲ್ಲಿಸಿದೆವು. ಸುಬಹಿಯ ಹೊತ್ತಿಗೆ ಅರ್ಧ ನಿದ್ದೆಯಲ್ಲಿ ಹೋದವನ ಕೈಗೆ ಯಾವುದು ಸಿಕ್ಕಿತೋ ಅದೇ ಅವನ ಬ್ರಷ್. ಹಗಲಿಡೀ ಕ್ಲಿನಿಕ್ಕಿನಲ್ಲಿ ಬೇರೆಯವರ ಬಾಯಿಗೆ ಹೋಗುವ ಸಾಮಾನು ಶುದ್ಧ ಮಾಡುತ್ತಿದ್ದ ನಾನು, ನನ್ನ ಬಾಯಿಗೆ ಹೋಗುವ ಬ್ರಷ್ ಯಾರದ್ದು ಅಂತ ನೋಡಲಿಲ್ಲ.

ನಮ್ಮಲ್ಲಿ ಒಬ್ಬ ಕೆಲಸ ಬಿಟ್ಟು ಊರಿಗೆ ಹೋದ. ಬೇರೆ ಕಂಪೆನಿಯ ವೀಸಾಕ್ಕೆ ಮೆಡಿಕಲ್ ಮಾಡಿಸಿದಾಗ ಅನ್‌ಫಿಟ್ ಬಂತು. ಆ ರಾತ್ರಿ ಅವನದ್ದೇ ಫೋನ್. "ಕಾಕ, ನನಗೆ ಹೆಪಟೈಟಿಸ್ ಬಿ ಉಂಟಂತೆ. ನನಗೇ ಗೊತ್ತಿರಲಿಲ್ಲ. ನೀವೆಲ್ಲ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ." ತನ್ನ ವೀಸಾ ಹೋದ ದುಃಖದಲ್ಲೂ ನಮ್ಮ ಬಗ್ಗೆ ಯೋಚಿಸಿದ ಹುಡುಗ ಅವನು.

ಆದರೆ ರೂಮಿನಲ್ಲಿ ನಾವು ಮಾಡಿದ್ದು ಏನು ಗೊತ್ತಾ? ಅವನು ಊಟ ಮಾಡುತ್ತಿದ್ದ ತಟ್ಟೆಯನ್ನು ಒಬ್ಬರು ಕಸದ ತೊಟ್ಟಿಗೆ ಹಾಕಿದರು. ಅವನು ಮಲಗುತ್ತಿದ್ದ ಬೆಡ್ಡನ್ನು ಹೊರಗೆ ಇಟ್ಟರು. ಬಾತ್‌ರೂಮಿನ ಗ್ಲಾಸು, ಅದರಲ್ಲಿದ್ದ ನೀಲಿ ಬ್ರಷ್ಷುಗಳು ಮಾತ್ರ ಇದ್ದಲ್ಲಿಯೇ ಇದ್ದವು. ಮರುದಿನ ಬೆಳಿಗ್ಗೆ ಅದರಲ್ಲೇ ಹಲ್ಲುಜ್ಜಿದೆವು.

ನಾನು ಹೆದರಿ ನಮ್ಮ ಡಾಕ್ಟರರಲ್ಲಿ ವಿಷಯ ಹೇಳಿದೆ. ತಟ್ಟೆಯ ಕಥೆ ಕೇಳಿ ಅವರಿಗೆ ಬೇಸರವಾಯಿತು. ಅವರು ಅಂದು ಹೇಳಿದ್ದನ್ನೇ ಇವತ್ತು ನಿಮಗೆ ಹೇಳಲಿಕ್ಕೆ ಬಂದದ್ದು.

ಹೆಪಟೈಟಿಸ್ ಬಿ ಲಿವರಿಗೆ ತಗಲುವ ವೈರಸ್. ಅದು ರಕ್ತದಿಂದ, ದೈಹಿಕ ಸಂಬಂಧದಿಂದ, ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೆ ಹರಡುತ್ತದೆ. ಒಟ್ಟಿಗೆ ಕೂತು ಒಂದೇ ತಟ್ಟೆಯಲ್ಲಿ ಊಟ ಮಾಡಿದರೆ ಬರುವುದಿಲ್ಲ. ಸಲಾಂ ಹೇಳಿ ಕೈ ಹಿಡಿದರೆ, ಅಪ್ಪಿಕೊಂಡರೆ, ಪಕ್ಕದಲ್ಲಿ ನಿಂತು ನಮಾಝ್ ಮಾಡಿದರೆ ಬರುವುದಿಲ್ಲ. ಆದರೆ ಬ್ರಷ್ ಮತ್ತು ಶೇವಿಂಗ್ ಬ್ಲೇಡ್ ಹಂಚಿಕೊಂಡರೆ ಬರಬಹುದು. ಯಾಕೆಂದರೆ ಹಲ್ಲುಜ್ಜುವಾಗ ಎಷ್ಟೋ ಜನರ ವಸಡಿನಿಂದ ರಕ್ತ ಬರುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿ ಸಾಕು. ಈ ವೈರಸ್ ದೇಹದ ಹೊರಗೆ 7 ದಿನದವರೆಗೂ ಜೀವಂತ ಇರಬಲ್ಲದು. ಹೆಪಟೈಟಿಸ್ ಸಿ ಕೂಡ ರಕ್ತದಿಂದಲೇ ಹರಡುವಂಥದ್ದು.

ಅಂದರೆ ನಾವು ಎಸೆಯಬೇಕಾದ್ದನ್ನು ಇಟ್ಟುಕೊಂಡೆವು, ಇಟ್ಟುಕೊಳ್ಳಬೇಕಾದ್ದನ್ನು ಎಸೆದೆವು.

ಡಾಕ್ಟರರು ಇನ್ನೊಂದು ಮಾತು ಹೇಳಿದರು. ಈ ಕಾಯಿಲೆ ಇರುವ ಹಲವರಿಗೆ ಅದು ಹುಟ್ಟುವಾಗಲೇ ಅಥವಾ ಸಣ್ಣ ಪ್ರಾಯದಲ್ಲೇ ಬಂದಿರುತ್ತದೆ. ವರ್ಷಗಟ್ಟಲೆ ಯಾವ ಲಕ್ಷಣವೂ ಇರುವುದಿಲ್ಲ. ಹಾಗಾಗಿ "ಏನು ಮಾಡಿ ತಂದುಕೊಂಡ" ಅಂತ ಯಾರ ಬಗ್ಗೆಯೂ ಮಾತಾಡಬೇಡಿ.

ನಾನು ಆ ದಿನವೇ ಪರೀಕ್ಷೆ ಮಾಡಿಸಿದೆ, ಲಸಿಕೆಯ ಮೊದಲ ಸೂಜಿ ಹಾಕಿಸಿಕೊಂಡೆ. ಒಂದು ತಿಂಗಳಿಗೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು. ವೈರಸ್ ಒಳಗೆ ಹೋದ ಕೂಡಲೇ ರಕ್ತದಲ್ಲಿ ಕಾಣುವುದಿಲ್ಲ, ಆದ್ದರಿಂದ ಮೂರು ತಿಂಗಳು ಬಿಟ್ಟು ಮತ್ತೆ ಪರೀಕ್ಷೆ. ಆ ಮೂರು ತಿಂಗಳು ಮನೆಗೆ ಫೋನ್ ಮಾಡಿದಾಗಲೆಲ್ಲ ಉಮ್ಮ ಕೇಳುತ್ತಿದ್ದರು, "ಮೋನೇ, ಯಾಕೆ ನಿನ್ನ ಸ್ವರ ಹೀಗೆ?" ನಾನು ಎಸಿಯ ತಂಡಿ ಅಂತ ಸುಳ್ಳು ಹೇಳಿದೆ. ಇಲ್ಲಿ ನಮ್ಮ ಆರೋಗ್ಯ ಅಂದರೆ ಬರೀ ಆರೋಗ್ಯ ಅಲ್ಲ, ವೀಸಾ, ಮನೆಯ ಅಡವು, ತಂಗಿಯ ಮದುವೆ, ಮಕ್ಕಳ ಫೀಸು ಎಲ್ಲವೂ ಅದರ ಮೇಲೆ ನಿಂತಿದೆ. ಅಲ್‌ಹಮ್ದುಲಿಲ್ಲಾಹ್, ನನ್ನ ರಿಪೋರ್ಟಿನಲ್ಲಿ ಏನೂ ಬರಲಿಲ್ಲ.

ಇನ್ನು ಬ್ರಷ್ಷನ್ನು ಹೇಗೆ ಇಟ್ಟುಕೊಳ್ಳಬೇಕು ಎಂಬ ವಿಷಯಕ್ಕೆ ಬರುತ್ತೇನೆ.

ಮೊದಲು ಒಂದು ಸಮಾಧಾನದ ಮಾತು. ಬ್ರಷ್ಷಿನಲ್ಲಿ ಕ್ರಿಮಿ ಇದ್ದೇ ಇರುತ್ತದೆ, ಯಾಕೆಂದರೆ ನಮ್ಮ ಬಾಯಿಯಲ್ಲೂ ಇದೆ. ಅಂಗಡಿಯ ಹೊಸ ಪ್ಯಾಕೆಟಿನ ಬ್ರಷ್ ಕೂಡ ಕ್ಲಿನಿಕ್ಕಿನ ಸಾಮಾನಿನಷ್ಟು ಶುದ್ಧ ಅಲ್ಲ. ಆರೋಗ್ಯವಂತನಿಗೆ ತನ್ನದೇ ಬಾಯಿಯ ಕ್ರಿಮಿಯಿಂದ ಸಾಮಾನ್ಯವಾಗಿ ತೊಂದರೆ ಇಲ್ಲ. ಹಾಗಾಗಿ ಬ್ರಷ್ ಶುದ್ಧ ಮಾಡುವ ಲೈಟಿನ ಮೆಷಿನ್ ಅಂತ ನೂರು ಇನ್ನೂರು ರಿಯಾಲ್ ಖರ್ಚು ಮಾಡುವುದು ಬೇಡ. ಮೂರು ವಿಷಯ ಸಾಕು: ತೊಳೆಯಬೇಕು, ಒಣಗಬೇಕು, ಒಂದಕ್ಕೊಂದು ತಾಗಬಾರದು.

ತೊಳೆಯುವುದು ಹೇಗೆ? ಹಲ್ಲುಜ್ಜಿದ ಮೇಲೆ ನಳ್ಳಿಯ ನೀರು ಜೋರಾಗಿ ಬಿಟ್ಟು, ಹೆಬ್ಬೆರಳಿನಿಂದ ಎಳೆಗಳನ್ನು ಬಿಡಿಸಿ, ಪೇಸ್ಟು ಮತ್ತು ಆಹಾರದ ಚೂರು ಪೂರ್ತಿ ಹೋಗುವ ಹಾಗೆ ತೊಳೆಯಿರಿ. ಬ್ರಷ್ ಹಿಡಿಯುವ ಮೊದಲು ಕೈ ತೊಳೆದಿರಬೇಕು. ಆಮೇಲೆ ಬ್ರಷ್ಷನ್ನು ಎರಡು ಮೂರು ಸಲ ಕೊಡವಿ. ನಳ್ಳಿಯ ನೀರು ಕುಡಿಯಲಿಕ್ಕೆ ಆಗದ ಜಾಗದಲ್ಲಿ ಕೊನೆಗೆ ಒಮ್ಮೆ ಕುಡಿಯುವ ನೀರು ಹಾಕಿ.

ಕೆಲವರು ಗ್ಲಾಸಿಗೆ ಡೆಟಾಲ್ ಹಾಕಿ ಬ್ರಷ್ ಅದ್ದಿ ಇಡುತ್ತಾರೆ. ದಯವಿಟ್ಟು ಮಾಡಬೇಡಿ, ಅದು ಬಾಯಿಗೆ ಹೋಗುವ ವಸ್ತು ಅಲ್ಲ. ಕ್ಲೋರಾಕ್ಸೂ ಬೇಡ. ಕುದಿಯುವ ನೀರಿಗೆ ಹಾಕಿದರೆ, ಮೈಕ್ರೋವೇವಿನಲ್ಲಿ ಇಟ್ಟರೆ ಎಳೆಗಳು ಸೊಟ್ಟ ಆಗಿ ಬ್ರಷ್ ಹಾಳು. ಇನ್ನೊಂದು, ಒಂದೇ ಗ್ಲಾಸಿನ ಮೌತ್‌ವಾಶಿನಲ್ಲಿ ಎಲ್ಲರ ಬ್ರಷ್ ಅದ್ದಿದರೆ ಒಬ್ಬನ ಕ್ರಿಮಿ ಇನ್ನೊಬ್ಬನಿಗೆ ಹೋಗುತ್ತದೆ.

ಎರಡನೆಯದು ಒಣಗುವುದು. ಕ್ರಿಮಿಗೆ ಬೇಕಾದದ್ದು ಒದ್ದೆ. ಬ್ರಷ್ಷನ್ನು ತಲೆ ಮೇಲೆ ಮಾಡಿ, ಗಾಳಿ ಆಡುವಲ್ಲಿ, ನೆಟ್ಟಗೆ ನಿಲ್ಲಿಸಿ. ಒದ್ದೆ ಬ್ರಷ್ಷಿಗೆ ಪ್ಲಾಸ್ಟಿಕ್ ಕ್ಯಾಪ್ ಹಾಕಿ ಮುಚ್ಚಿದರೆ ಶುಚಿಯಾಗುವುದಿಲ್ಲ, ಒಳಗೆ ಕ್ರಿಮಿ ಇನ್ನಷ್ಟು ಬೆಳೆಯುತ್ತದೆ. ನೈಲಾನ್ ಎಳೆಯ ಬ್ರಷ್ ಮಾರುಕಟ್ಟೆಗೆ ಬಂದದ್ದು 1938ರಲ್ಲಿ. ಅದಕ್ಕೆ ಮೊದಲು ಹಂದಿಯ ಕೂದಲಿನ ಬ್ರಷ್ಷೇ ಹೆಚ್ಚು, ಅದು ಬೇಗ ಒಣಗುತ್ತಲೂ ಇರಲಿಲ್ಲ. ಈಗಿನ ನೈಲಾನ್ ಬೇಗ ಒಣಗುತ್ತದೆ, ನಾವು ಒಣಗಲಿಕ್ಕೆ ಬಿಟ್ಟರೆ.

ಕ್ಯಾಂಪಿನ ಬಾತ್‌ರೂಮಿಗೆ ಹೆಚ್ಚಾಗಿ ಕಿಟಕಿ ಇರುವುದಿಲ್ಲ. ಟಾಯ್ಲೆಟ್ಟೂ ಅದರಲ್ಲೇ. ಫ್ಲಶ್ ಮಾಡುವಾಗ, ಹ್ಯಾಂಡ್ ಶವರ್ ಬಳಸುವಾಗ ಕಣ್ಣಿಗೆ ಕಾಣದ ಹನಿ ಸುತ್ತ ಹಾರುತ್ತದೆ. ಮುಚ್ಚಳ ಇದ್ದರೆ ಹಾಕಿ ಫ್ಲಶ್ ಮಾಡಿ, ಸ್ವಲ್ಪ ಕಡಿಮೆಯಾಗುತ್ತದೆ. ಅದಕ್ಕಿಂತ ಒಳ್ಳೆಯದು ಬ್ರಷ್ಷನ್ನು ಬಾತ್‌ರೂಮಿನಲ್ಲಿ ಬಿಡದೆ ರೂಮಿಗೆ ತರುವುದು. ಬೆಡ್ಡಿನ ಪಕ್ಕದ ಗೋಡೆಗೆ ಒಂದು ಹುಕ್ ಹೊಡೆದರೂ ಆಯಿತು.

ಆಗ ಯಾರಾದರೂ ಕೇಳುತ್ತಾರೆ, "ಜಿರಳೆ ಇದೆಯಲ್ಲ, ಮುಚ್ಚದೆ ಇಟ್ಟರೆ ಹೇಗೆ?" ಸರಿಯಾದ ಪ್ರಶ್ನೆ. ಮೊದಲು ಬ್ರಷ್ ಪೂರ್ತಿ ಒಣಗಲಿ, ಆಮೇಲೆ ತೂತು ಇರುವ ಕ್ಯಾಪ್ ಹಾಕಿ. ಕ್ಯಾಪನ್ನೂ ಆಗಾಗ ಸೋಪು ಹಾಕಿ ತೊಳೆದು ಒಣಗಿಸಿ. ಜಿರಳೆಗೆ ಮದ್ದು ಹೊಡೆಯಲಿಕ್ಕೆ ಬರುವ ದಿನ ಬ್ರಷ್ಷು, ಪೇಸ್ಟು ಎಲ್ಲವನ್ನೂ ತೆಗೆದು ಬೇರೆ ಕಡೆ ಇಡಲು ಮರೆಯಬೇಡಿ.

ಮೂರನೆಯದು ತಾಗದ ಹಾಗೆ ಇಡುವುದು. ಒಂದೇ ಬಣ್ಣದ ಪ್ಯಾಕೆಟ್ ತಂದರೆ ಹಿಡಿಗೆ ಬೇರೆ ಬೇರೆ ಬಣ್ಣದ ದಾರ ಕಟ್ಟಿ, ಇಲ್ಲವೇ ಮಾರ್ಕರಿನಲ್ಲಿ ಹೆಸರಿನ ಮೊದಲ ಅಕ್ಷರ ಬರೆಯಿರಿ. ಒಬ್ಬೊಬ್ಬರಿಗೆ ಒಂದೊಂದು ಗ್ಲಾಸು. ಊರಿನಿಂದ ಹೊಸಬ ಬಂದು ಬ್ಯಾಗಿನಲ್ಲಿ ಬ್ರಷ್ ಇಲ್ಲ ಅಂದರೆ ನಿಮ್ಮದನ್ನು ಕೊಡಬೇಡಿ, ಹೊಸತು ತಂದುಕೊಡಿ. ರೂಮಿನಲ್ಲಿ ಯಾವಾಗಲೂ ಒಂದು ಹೊಸ ಬ್ರಷ್ ಹೆಚ್ಚಿಗೆ ಇರಲಿ. "ನನ್ನ ಬ್ರಷ್ ಮುಟ್ಟಬೇಡ" ಅಂತ ಹೇಳಲಿಕ್ಕೆ ನಮಗೆ ನಾಚಿಕೆ. ಅಂಗಿ ಹಂಚಿಕೊಳ್ಳುತ್ತೇವೆ, ಸಂಬಳ ಬಾರದ ತಿಂಗಳು ದುಡ್ಡು ಹಂಚಿಕೊಳ್ಳುತ್ತೇವೆ, ಬ್ರಷ್ಷಿಗೆ ಏನು ಲೆಕ್ಕ ಅಂತ. ಇದು ಜಿಪುಣತನ ಅಲ್ಲ. ಇಬ್ಬರಿಗೂ ಒಳ್ಳೆಯದಾಗುವ ಮಾತು.

ಬ್ರಷ್ಷನ್ನು ಮೂರರಿಂದ ನಾಲ್ಕು ತಿಂಗಳಿಗೊಮ್ಮೆ ಬದಲಾಯಿಸಿ. ಎಳೆಗಳು ಹೊರಗೆ ಬಾಗಿದ್ದರೆ ಅಷ್ಟು ದಿನವೂ ಕಾಯಬೇಡಿ, ಬಾಗಿದ ಎಳೆ ಹಲ್ಲನ್ನು ಸರಿಯಾಗಿ ಉಜ್ಜುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ನೆಗಡಿ, ಜ್ವರ ಬಂದಾಗ ಅವರ ಬ್ರಷ್ ಬೇರೆ ಕಡೆ ಇಡಿ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವಂಥ, ರೋಗ ತಡೆಯುವ ಶಕ್ತಿ ಕಡಿಮೆ ಇರುವವರು ಮನೆಯಲ್ಲಿದ್ದರೆ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು ಅಂತ ಅವರ ಡಾಕ್ಟರರನ್ನೇ ಕೇಳಿ.

ಮಿಸ್ವಾಕ್ ಬಳಸುವವರಿಗೂ ಇದೇ ಮಾತು. ಅರಾಕ್ ಮರದ ಬೇರು ಒಳ್ಳೆಯದೇ, ಸುನ್ನತ್ತೂ ಹೌದು. ಆದರೆ ಅದನ್ನು ದಿನವಿಡೀ ಬೆವರಿನ ಅಂಗಿಯ ಕಿಸೆಯಲ್ಲಿ ಚಿಲ್ಲರೆ ದುಡ್ಡು, ಮೊಬೈಲಿನ ಜೊತೆ ಇಟ್ಟರೆ ಶುದ್ಧಿ ಎಲ್ಲಿ ಉಳಿಯಿತು? ಬಳಸಿದ ಮೇಲೆ ತೊಳೆಯಿರಿ, ಒಣಗಲು ಬಿಡಿ, ಸವೆದ ತುದಿಯನ್ನು ಕತ್ತರಿಸಿ ಹೊಸ ತುದಿ ಬಿಡಿಸಿ. ಮಿಸ್ವಾಕನ್ನೂ ಇನ್ನೊಬ್ಬರಿಗೆ ಕೊಡಬೇಡಿ.

ಇನ್ನು ಪ್ರಯಾಣ. ಊರಿಗೆ ಹೊರಡುವ ದಿನ ಕೊನೆಯ ಗಳಿಗೆಯಲ್ಲಿ ಹಲ್ಲುಜ್ಜಿ, ಒದ್ದೆ ಬ್ರಷ್ಷನ್ನು ಪ್ಲಾಸ್ಟಿಕ್ ತೊಟ್ಟೆಗೆ ಸುತ್ತಿ ಬ್ಯಾಗಿಗೆ ತುರುಕುತ್ತೇವೆ. ವಿಮಾನ, ಏರ್‌ಪೋರ್ಟು, ಮತ್ತೆ ಕಾರು. ಮನೆ ಮುಟ್ಟಿ ಎರಡನೇ ದಿನ ತೆಗೆದರೆ ವಾಸನೆ. ಹೊರಡುವ ಮೊದಲು ತೊಳೆದು, ಕೊಡವಿ, ಶುದ್ಧ ಟಿಶ್ಯೂವಿನಿಂದ ಒತ್ತಿ ನೀರು ತೆಗೆಯಿರಿ. ತೂತು ಇರುವ ಡಬ್ಬದಲ್ಲಿ ಹಾಕಿ. ಮುಟ್ಟಿದ ಕೂಡಲೇ ಹೊರಗೆ ತೆಗೆದು ನಿಲ್ಲಿಸಿ. ಉಮ್ರಾಕ್ಕೆ ಬಸ್ಸಿನಲ್ಲಿ ಹೋಗುವಾಗ, ಹೋಟೆಲಿನಲ್ಲಿ ನಾಲ್ಕೈದು ಜನ ಒಟ್ಟಿಗೆ ಇರುವಾಗ ಬ್ರಷ್ಷನ್ನು ಬೇಸಿನ್ ಮೇಲೆ ಮಲಗಿಸಿ ಬರಬೇಡಿ. ಉಜ್ಜಿ ಆದ ಮೇಲೆ ನಿಮ್ಮ ಜೊತೆಯೇ ತನ್ನಿ.

ಊರಿನಲ್ಲಿರುವ ಮನೆಯವರಿಗೂ ಹೇಳಿ. ನಮ್ಮ ಕಡೆಯ ಮಳೆಗಾಲದಲ್ಲಿ ಬಟ್ಟೆಯೇ ಒಣಗುವುದಿಲ್ಲ, ಬಚ್ಚಲಿನ ಮೂಲೆಯ ಬ್ರಷ್ ಎಲ್ಲಿ ಒಣಗಬೇಕು? ಜೂನಿನಿಂದ ನಾಲ್ಕು ತಿಂಗಳು ಅದನ್ನು ಅಡುಗೆ ಮನೆಯ ಕಿಟಕಿಯ ಹತ್ತಿರವೋ ಜಗಲಿಯಲ್ಲೋ ಇಡಲಿ. ಮಕ್ಕಳ ಬ್ರಷ್ಷು ದೊಡ್ಡವರದ್ದಕ್ಕೆ ತಾಗದ ಹಾಗೆ ಬೇರೆ ಇರಲಿ. ಮಕ್ಕಳಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿದ ದಾಖಲೆ ತಾಯಿ ಕಾರ್ಡಿನಲ್ಲಿ ಇದೆಯಾ ಅಂತ ಒಮ್ಮೆ ನೋಡಿ ಅಂತ ಹೇಳಿ. ನಾವು ದೊಡ್ಡವರು ಹಲವರು ಈ ಲಸಿಕೆ ಹಾಕಿಸಿಕೊಂಡವರಲ್ಲ. ರಜೆಯಲ್ಲಿ ಹೋದಾಗಲೋ ಇಲ್ಲಿಯೇ ಕ್ಲಿನಿಕ್ಕಿನಲ್ಲೋ ಕೇಳಿ ಹಾಕಿಸಿಕೊಳ್ಳಿ. ಹೆಪಟೈಟಿಸ್ ಸಿಗೆ ಲಸಿಕೆ ಇಲ್ಲ, ಆದರೆ ಈಗ ಎರಡು ಮೂರು ತಿಂಗಳ ಮಾತ್ರೆಯಲ್ಲಿ ಹೆಚ್ಚಿನವರಿಗೆ ಪೂರ್ತಿ ಗುಣವಾಗುತ್ತದೆ. ಹಲ್ಲುಜ್ಜುವಾಗ ದಿನಾ ರಕ್ತ ಬರುತ್ತಿದ್ದರೆ ಅದು ವಸಡಿನ ರೋಗ ಇರಬಹುದು, ಶುಗರ್ ಇದ್ದವರಲ್ಲಿ ಇದು ಹೆಚ್ಚು. ಬ್ರಷ್ ಬದಲಾಯಿಸಿ ಸುಮ್ಮನಾಗದೆ ಹಲ್ಲಿನ ಡಾಕ್ಟರಿಗೆ ತೋರಿಸಿ.

ನನ್ನ ಗೆಳೆಯನ ಕಥೆ ಅರ್ಧಕ್ಕೆ ನಿಲ್ಲಿಸಿದೆ. ಅವನು ಈಗ ಊರಿನಲ್ಲೇ ಸಣ್ಣ ಅಂಗಡಿ ಇಟ್ಟಿದ್ದಾನೆ. ಆರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಮಾಡಿಸುತ್ತಾನೆ, ಡಾಕ್ಟರ್ ಹೇಳಿದ ಹಾಗೆ ನಡೆಯುತ್ತಾನೆ, ಆರಾಮವಾಗಿದ್ದಾನೆ. ಅವನ ಒಪ್ಪಿಗೆ ಕೇಳಿಯೇ ಇದನ್ನು ಹೇಳಿದೆ. ಕಳೆದ ರಜೆಯಲ್ಲಿ ಅವನ ಮನೆಗೆ ಹೋಗಿ ಒಂದೇ ತಟ್ಟೆಯಲ್ಲಿ ಬಿರಿಯಾನಿ ಉಂಡೆವು. ತಟ್ಟೆ ಎಸೆದ ವಿಷಯ ನಾನೇ ಹೇಳಿ ಮಾಫಿ ಕೇಳಿದೆ. ಅವನು ನಕ್ಕು, "ಗ್ಲಾಸಿನಲ್ಲಿದ್ದ ನನ್ನ ಬ್ರಷ್ ಎಸೆದಿರಾ?" ಅಂತ ಕೇಳಿದ.

ನಾನು ನಿಮ್ಮಲ್ಲಿ ಕೇಳುವುದು ಇಷ್ಟೇ. ಇವತ್ತು ರೂಮಿಗೆ ಹೋದ ಕೂಡಲೇ ಬಾತ್‌ರೂಮಿನ ಆ ಗ್ಲಾಸನ್ನು ಒಮ್ಮೆ ನೋಡಿ. ಯಾವುದು ಯಾರದ್ದು ಅಂತ ಗೊತ್ತಾಗದ ಬ್ರಷ್ ಇದ್ದರೆ ಎಲ್ಲವನ್ನೂ ಎಸೆದು ಹೊಸತು ತನ್ನಿ. ಅಂಗಡಿ ರಾತ್ರಿ ತಡವಾಗಿಯೂ ತೆರೆದಿರುತ್ತದೆ.

ಅಲ್ಲಾಹು ನಮ್ಮೆಲ್ಲರಿಗೆ ಆರೋಗ್ಯ ಕೊಡಲಿ, ಊರಿನಲ್ಲಿ ಕಾಯುತ್ತಿರುವ ನಮ್ಮವರ ಬಳಿಗೆ ಕ್ಷೇಮವಾಗಿ ಮುಟ್ಟಿಸಲಿ.