ಕುಂದಿರುವುದು ಬುದ್ಧಿಯೋ, ಅದರ ಆರೈಕೆಯೋ?

(ಪಾಲಕರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಲೇಖನ ರೂಪ)



ನಮ್ಮ ಮನೆಗಳಲ್ಲಿ ಪದೇ ಪದೇ ಕೇಳಿಬರುವ ಮಾತೊಂದಿದೆ: 'ಹಿಂದಿನವರ ಬುದ್ಧಿ ಈಗಿನ ಮಕ್ಕಳಿಗೆಲ್ಲಿಂದ ಬರಬೇಕು?' ಶಾಲೆಯ ಮೆಟ್ಟಿಲು ಹತ್ತದ ಅಜ್ಜ ಇಡೀ ಸಂತೆಯ ವ್ಯಾಪಾರದ ಲೆಕ್ಕವನ್ನು ಬಾಯಿಯಲ್ಲೇ ಒಪ್ಪಿಸುತ್ತಿದ್ದರು. ಕಾಲೇಜಿಗೆ ಹೋಗುವ ಮೊಮ್ಮಗ ಏಳೆಂಟಲೆಷ್ಟು ಎಂದು ಕೇಳಿದರೆ ಮೊಬೈಲಿಗೆ ಕೈಹಾಕುತ್ತಾನೆ. ಅಜ್ಜಿಗೆ ನಾಲ್ಕು ತಲೆಮಾರಿನ ನೆಂಟರಿಷ್ಟರ ಹೆಸರುಗಳು ನೆನಪಿದ್ದವು. ಮೊಮ್ಮಗಳಿಗೆ ತಾಯಿಯ ಫೋನ್ ನಂಬರ್ ಕೂಡಾ ನೆನಪಿಲ್ಲ. ಸಭೆಗಳಲ್ಲಿ ಇದೇ ಮಾತು ಇನ್ನೊಂದು ರೂಪ ತಾಳುತ್ತದೆ. ಬಗ್ದಾದ್ ಮತ್ತು ಕೊರ್ಡೋವಾಗಳ ವಿದ್ವಾಂಸರನ್ನು ಸಾಲಾಗಿ ಹೆಸರಿಸಿ, 'ಅವರೆಲ್ಲಿ, ನಾವೆಲ್ಲಿ!' ಎಂದು ನಿಟ್ಟುಸಿರು ಬಿಡುತ್ತೇವೆ. ನಿಜಕ್ಕೂ ಮನುಷ್ಯನ ಬುದ್ಧಿ ತಲೆಮಾರಿನಿಂದ ತಲೆಮಾರಿಗೆ ಕುಂದುತ್ತಿದೆಯೇ? ಇದನ್ನು ಹರಟೆಯ ವಿಷಯವೆಂದು ಭಾವಿಸುವಂತಿಲ್ಲ. ಏಕೆಂದರೆ ಒಂದು ಮಗುವಿನ ಓದು ಮುಂದುವರಿಯಬೇಕೋ ನಿಲ್ಲಬೇಕೋ ಎಂಬುದು ಅನೇಕ ಸಲ ಈ ಪ್ರಶ್ನೆಗೆ ನಾವು ಕೊಡುವ ಉತ್ತರದ ಮೇಲೆಯೇ ತೀರ್ಮಾನವಾಗುತ್ತದೆ.

ಈ ದೂರು ಹೊಸತೇನಲ್ಲ. ಬರವಣಿಗೆಯನ್ನು ನೆಚ್ಚಿಕೊಂಡರೆ ಜನರ ಸ್ಮರಣಶಕ್ತಿ ಕುಂದುವುದೆಂಬ ಆತಂಕವನ್ನು ಪ್ಲೇಟೋ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ತನ್ನ 'ಫೀಡ್ರಸ್' ಎಂಬ ಸಂವಾದದಲ್ಲಿ ಸಾಕ್ರೆಟಿಸನ ಬಾಯಿಂದ ಹೇಳಿಸಿದ್ದಾನೆ. ಪ್ರಾಚೀನ ಅಥೆನ್ಸಿನ ಜನರು ಬುದ್ಧಿಯಲ್ಲಿ ತನ್ನ ಕಾಲದ ಇಂಗ್ಲಿಷರಿಗಿಂತ ಎರಡು ಶ್ರೇಣಿ ಮೇಲಿದ್ದರೆಂದು ಫ್ರಾನ್ಸಿಸ್ ಗಾಲ್ಟನ್ 1869ರಲ್ಲಿ ಬರೆದ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಜೀವವಿಜ್ಞಾನಿ ಜೆರಾಲ್ಡ್ ಕ್ರಾಬ್‌ಟ್ರೀ 2012ರಲ್ಲಿ ಇಂಥದೇ ವಾದವನ್ನು ವಂಶವಾಹಿಗಳ ಭಾಷೆಯಲ್ಲಿ ಮುಂದಿಟ್ಟರು. ಬೇಟೆಯಾಡಿ ಬದುಕುತ್ತಿದ್ದ ಕಾಲದಲ್ಲಿ ಮಂದಬುದ್ಧಿಯವನು ಪ್ರಾಣ ಕಳೆದುಕೊಳ್ಳುತ್ತಿದ್ದ. ಈಗ ಹಾಗಿಲ್ಲವಾದ್ದರಿಂದ ಬುದ್ಧಿಗೆ ಸಂಬಂಧಿಸಿದ ವಂಶವಾಹಿಗಳಲ್ಲಿ ದೋಷಗಳು ಸೇರಿಕೊಳ್ಳುತ್ತಿವೆ ಎಂಬುದು ಅವರ ತರ್ಕ. ತರ್ಕವೇನೋ ಕೇಳಲು ಚೆನ್ನಾಗಿದೆ. ಆದರೆ ಅಥೆನ್ಸಿನ ಪ್ರಜೆಯನ್ನು ಪರೀಕ್ಷೆಗೆ ಕೂರಿಸಿದವರು ಯಾರೂ ಇಲ್ಲ. ಊಹಿಸದೆ ಅಳೆದು ನೋಡಿದವರಿಗೆ ಸಿಕ್ಕಿದ ಚಿತ್ರ ಬೇರೆಯೇ ಆಗಿದೆ.

ಸ್ಕಾಟ್ಲೆಂಡಿನ ಉದಾಹರಣೆಯನ್ನು ನೋಡೋಣ. ಕಳೆದ ಶತಮಾನದ ಮೊದಲ ಭಾಗದಲ್ಲಿ ಬ್ರಿಟನ್ನಿನ ಶಿಕ್ಷಿತ ವರ್ಗವನ್ನು ಒಂದು ಭಯ ಆವರಿಸಿತ್ತು. ಬಡವರಿಗೆ ಮಕ್ಕಳು ಹೆಚ್ಚು. ದೊಡ್ಡ ಕುಟುಂಬಗಳ ಮಕ್ಕಳು ಪರೀಕ್ಷೆಯಲ್ಲಿ ಹಿಂದುಳಿಯುತ್ತಾರೆ. ಆದ್ದರಿಂದ ರಾಷ್ಟ್ರದ ಬುದ್ಧಿಮಟ್ಟವೇ ಇಳಿದುಹೋಗುತ್ತದೆ ಎಂಬುದೇ ಆ ಭಯ. ಇಂಥ ಮಾತುಗಳು ನಮ್ಮ ಕಿವಿಗೂ ಅಪರಿಚಿತವಲ್ಲ. 1932ರಲ್ಲಿ ಅಲ್ಲಿನ 11 ವರ್ಷದ ಬಹುತೇಕ ಎಲ್ಲ ಮಕ್ಕಳನ್ನು, ಅಂದರೆ 87,498 ಮಂದಿಯನ್ನು ಬುದ್ಧಿಮತ್ತೆಯ ಪರೀಕ್ಷೆಗೆ ಒಳಪಡಿಸಲಾಯಿತು. ಹದಿನೈದು ವರ್ಷಗಳ ಬಳಿಕ, 1947ರಲ್ಲಿ, ಅದೇ ಪರೀಕ್ಷೆಯನ್ನು ಅದೇ ವಯಸ್ಸಿನ 70,805 ಮಕ್ಕಳಿಗೆ ಕೊಡಲಾಯಿತು. ಇಳಿಕೆಯನ್ನು ನಿರೀಕ್ಷಿಸಿದವರಿಗೆ ಕಂಡದ್ದು ಏರಿಕೆ! ಸರಾಸರಿ ಅಂಕ ಕುಸಿಯುವ ಬದಲು ಎರಡರಷ್ಟು ಹೆಚ್ಚಿತ್ತು.

ಆದರೆ ಅಷ್ಟರಲ್ಲಿ ಈ ಭಯ ಅಮೆರಿಕದಲ್ಲಿ ಕಾನೂನಿನ ರೂಪ ತಾಳಿ ಬಲಿ ಪಡೆದಾಗಿತ್ತು. 1927ರಲ್ಲಿ ಅಲ್ಲಿನ ಸುಪ್ರೀಮ್ ಕೋರ್ಟು ಕ್ಯಾರಿ ಬಕ್ ಎಂಬ ಬಡ ಯುವತಿಯನ್ನು ಮಂದಬುದ್ಧಿಯವಳೆಂದು ಪರಿಗಣಿಸಿ, ಆಕೆಗೆ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆಸಲು ವರ್ಜೀನಿಯಾ ರಾಜ್ಯಕ್ಕೆ ಅನುಮತಿ ನೀಡಿತು. ಆಕೆಯ ತಾಯಿ ಮಂದಬುದ್ಧಿ, ಆಕೆ ಮಂದಬುದ್ಧಿ, ಹಸುಗೂಸಾದ ಆಕೆಯ ಮಗಳೂ ಮಂದಬುದ್ಧಿ ಎಂಬುದು ವಾದವಾಗಿತ್ತು. ಆ ಮಗಳು ಮುಂದೆ ಶಾಲೆ ಸೇರಿ, ಉತ್ತಮ ವಿದ್ಯಾರ್ಥಿಗಳ ಗೌರವ ಪಟ್ಟಿಯಲ್ಲಿ ಸ್ಥಾನ ಪಡೆದಳು. ಆದರೆ ತಾಯಿಗಾದ ಅನ್ಯಾಯವನ್ನು ಅಳಿಸುವವರಾರು? ಇಂಥ ಕಾನೂನುಗಳಿಗೆ ಅಮೆರಿಕದಲ್ಲಿ ಗುರಿಯಾದವರ ಸಂಖ್ಯೆ 60 ಸಾವಿರಕ್ಕೂ ಹೆಚ್ಚು. 'ಇವರ ಸಂತತಿಯೇ ದಡ್ಡರದ್ದು' ಎಂಬ ಮಾತು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಇನ್ನು ಜೇಮ್ಸ್ ಫ್ಲಿನ್ ಅವರ ಸಂಶೋಧನೆಯನ್ನು ಗಮನಿಸೋಣ. ನ್ಯೂಜಿಲೆಂಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು 1984ರಲ್ಲಿ ಅಮೆರಿಕದ, 1987ರಲ್ಲಿ 14 ದೇಶಗಳ ಅಂಕಿಅಂಶಗಳನ್ನು ಮುಂದಿಟ್ಟರು. ಐಕ್ಯೂ ಎಂದು ಕರೆಯಲಾಗುವ ಬುದ್ಧಿ ಸೂಚ್ಯಂಕ ಅಮೆರಿಕದಲ್ಲಿ ಪ್ರತಿ 10 ವರ್ಷಕ್ಕೆ ಸುಮಾರು 3 ಅಂಶಗಳಷ್ಟು ಏರುತ್ತಾ ಬಂದಿತ್ತು. ಇತರ ದೇಶಗಳಲ್ಲೂ ಏರಿಕೆಯೇ ಕಂಡಿತು. ಹಾಗಾದರೆ ನಮ್ಮ ಅಜ್ಜಂದಿರು ದಡ್ಡರಾಗಿದ್ದರೇ? ಈ ಲೆಕ್ಕವನ್ನು ಹಿಂದಕ್ಕೆ ಎಳೆದರೆ 1900ರ ಸಾಮಾನ್ಯ ಮನುಷ್ಯ ಇಂದಿನ ಮಾನದಂಡದಲ್ಲಿ ಮಂದಬುದ್ಧಿಯವನೆಂದು ತೀರ್ಮಾನಿಸಬೇಕಾಗುತ್ತದೆ. ಅದು ಅಸಂಬದ್ಧ ಎಂಬುದನ್ನು ಫ್ಲಿನ್ ಅವರೇ ಒತ್ತಿ ಹೇಳಿದರು. ನಾಯಿಗೂ ಮೊಲಕ್ಕೂ ಇರುವ ಸಾಮ್ಯವೇನೆಂದು ಇಂದಿನ ವಿದ್ಯಾರ್ಥಿಯನ್ನು ಕೇಳಿದರೆ ಎರಡೂ ಸಸ್ತನಿಗಳು ಎನ್ನುತ್ತಾನೆ. ಹಿಂದಿನವರು ನಾಯಿಯಿಂದ ಮೊಲವನ್ನು ಬೇಟೆಯಾಡಬಹುದು ಎನ್ನುತ್ತಿದ್ದರು. ಎರಡನೆಯ ಉತ್ತರಕ್ಕೆ ಅಂಕ ಸಿಗದಿರಬಹುದು, ಆದರೆ ಅದರಲ್ಲಿ ಬುದ್ಧಿಯಿಲ್ಲ ಎನ್ನಲಾದೀತೇ?

ರಷ್ಯಾದ ಮನೋವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ 1931-32ರಲ್ಲಿ ಉಜ್ಬೆಕಿಸ್ತಾನದ ಮುಸ್ಲಿಮ್ ರೈತರ ನಡುವೆ ನಡೆಸಿದ ಅಧ್ಯಯನ ಇದನ್ನೇ ತೋರಿಸುತ್ತದೆ. ದೂರದ ಉತ್ತರದಲ್ಲಿ, ಹಿಮ ಬೀಳುವಲ್ಲಿ, ಕರಡಿಗಳೆಲ್ಲ ಬಿಳಿ; ಇಂಥ ಊರು ದೂರದ ಉತ್ತರದಲ್ಲಿದೆ; ಅಲ್ಲಿನ ಕರಡಿಗಳ ಬಣ್ಣವೇನು ಎಂದು ಅವರನ್ನು ಕೇಳಲಾಯಿತು. ಓದುಬರಹ ಬಾರದ ರೈತರು, ತಾವು ಕಣ್ಣಾರೆ ಕಾಣದ ಊರಿನ ಬಗ್ಗೆ ಹೇಳಲಾರೆವು, ಅಲ್ಲಿಗೆ ಹೋಗಿಬಂದವರನ್ನು ಕೇಳಿ ಎಂಬ ಅರ್ಥದಲ್ಲಿ ಉತ್ತರಿಸಿದರು. ಅಲ್ಪಸ್ವಲ್ಪ ಶಾಲೆ ಕಂಡವರು ತಟ್ಟನೆ 'ಬಿಳಿ' ಎಂದರು. ಕಾಣದ್ದನ್ನು ಹೇಳಲಾರೆ ಎನ್ನುವ ರೈತ ದಡ್ಡನಲ್ಲ. ಸಾಕ್ಷಿ ಹೇಳುವಾಗ ಅಂಥವನೇ ಬೇಕು. ಆದರೆ ಕಾಣದ್ದನ್ನು ಕಂಡದ್ದರಿಂದ ತರ್ಕಿಸುವ ಕೌಶಲವನ್ನು ಶಾಲೆ ಕಲಿಸುತ್ತದೆ; ಇಂದಿನ ಪರೀಕ್ಷೆಗಳು ಅಳೆಯುವುದು ಬಹುಪಾಲು ಅದನ್ನೇ.

ನಮ್ಮ ಅಜ್ಜಂದಿರ ಬಾಯಿಲೆಕ್ಕಕ್ಕೂ ಹೀಗೆಯೇ ಒಂದು ಕಾರಣವಿತ್ತು. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ತೂಕಕ್ಕೆ ಸೇರು, ಪಾವು, ಅರೆಪಾವು. ಕಾಲು, ಅರೆ, ಮುಕ್ಕಾಲಿನ ಮಗ್ಗಿ ಬಾರದವನಿಗೆ ಅಂಗಡಿಯಲ್ಲಿ ಕುಳಿತುಕೊಳ್ಳುವ ಯೋಗ್ಯತೆಯೇ ಇರಲಿಲ್ಲ. 1957ರಲ್ಲಿ ದಶಮಾನ ನಾಣ್ಯ ಬಂತು, ಬಳಿಕ ಕಿಲೋಗ್ರಾಮು ಬಂತು, ಕಾಲಿನ ಮಗ್ಗಿ ಮರೆಯಾಯಿತು. ಮೆದುಳು ಬದಲಾಗಲಿಲ್ಲ, ಅಗತ್ಯ ಬದಲಾಯಿತು. ನೆನಪಿನ ಶಕ್ತಿಯೇ ಹೋಯಿತೆನ್ನುವವರು ಯಾವುದಾದರೂ ಹಿಫ್ಝ್ ಮದ್ರಸಾಕ್ಕೆ ಹೋಗಿ ನೋಡಲಿ. ಆರು ಸಾವಿರಕ್ಕೂ ಹೆಚ್ಚು ಸೂಕ್ತಗಳಿರುವ ಪವಿತ್ರ ಕುರ್‌ಆನನ್ನು ಹತ್ತು-ಹನ್ನೆರಡರ ಹರೆಯದ ಮಕ್ಕಳು ಇಂದಿಗೂ ಕಂಠಪಾಠ ಮಾಡುತ್ತಿದ್ದಾರೆ. ತರಬೇತಿ ಕೊಟ್ಟಲ್ಲಿ ಸ್ಮರಣಶಕ್ತಿ ಈಗಲೂ ಅಲ್ಲೇ ಇದೆ.

ಈ ಸತ್ಯವನ್ನು ಆರು ಶತಮಾನಗಳಿಗೂ ಹಿಂದೆ ಇಬ್ನು ಖಲ್ದೂನ್ ಗುರುತಿಸಿದ್ದರು. ಅವರ ಕಾಲದಲ್ಲಿ ಪಶ್ಚಿಮದ ಮೊರೊಕ್ಕೊ, ಟ್ಯುನೀಶಿಯಾಗಳಿಂದ ವಿದ್ಯಾರ್ಜನೆಗೆ ಪೂರ್ವಕ್ಕೆ ಹೋದವರು, ಪೂರ್ವದವರ ಬುದ್ಧಿ ಹುಟ್ಟಿನಿಂದಲೇ ಶ್ರೇಷ್ಠವೆಂದು ಭಾವಿಸುತ್ತಿದ್ದರು. 1377ರಲ್ಲಿ ರಚಿಸಿದ 'ಮುಕದ್ದಿಮ'ದಲ್ಲಿ ಇಬ್ನು ಖಲ್ದೂನ್ ಇದನ್ನು ತಳ್ಳಿಹಾಕುತ್ತಾರೆ. ನಗರ ಜೀವನ, ಕಸುಬುಗಳು ಮತ್ತು ವಿದ್ಯೆಯ ಪರಂಪರೆ ಮನುಷ್ಯನ ಬುದ್ಧಿಗೆ ಹೊಳಪು ಕೊಡುತ್ತವೆ. ಆ ಹೊಳಪನ್ನು ಕಂಡು ಜನರು ಅದನ್ನು ಹುಟ್ಟುಗುಣವೆಂದು ತಪ್ಪು ತಿಳಿಯುತ್ತಾರೆ ಎಂಬುದು ಅವರ ವಿವರಣೆಯ ಸಾರ. ಬಗ್ದಾದಿನ ವೈಭವವನ್ನೂ ನಾವು ಈ ಬೆಳಕಿನಲ್ಲೇ ನೋಡಬೇಕು. ಅಲ್ಲಿ ಕಾಗದವಿತ್ತು, ಗ್ರಂಥಾಲಯಗಳಿದ್ದವು, ಭಾಷಾಂತರಕ್ಕೆ ಸಂಭಾವನೆಯಿತ್ತು, ಯಾವ ಧರ್ಮದ ವಿದ್ವಾಂಸನಿಗೂ ಕೆಲಸವಿತ್ತು. ಆ ನೆಲದಲ್ಲಿ ಅಲ್ ಖ್ವಾರಿಝ್ಮಿ ಬೆಳೆದು ನಿಂತದ್ದು ಅಚ್ಚರಿಯಲ್ಲ. ನಾವು ಹೆಮ್ಮೆಯಿಂದ ಹೆಸರಿಸುವ ಆ ಮಹನೀಯರು ತಮ್ಮ ಹಿಂದಿನವರ ಮುಂದೆ ಕೈಕಟ್ಟಿ ನಿಂತವರೂ ಅಲ್ಲ. ಇಬ್ನುಲ್ ಹೈಸಮ್ ಅವರು ಟಾಲೆಮಿಯ ಸಿದ್ಧಾಂತಗಳ ಮೇಲಿನ ಸಂಶಯಗಳಿಗಾಗಿಯೇ ಒಂದು ಪ್ರತ್ಯೇಕ ಗ್ರಂಥ ಬರೆದರು. ಅವರ ಹೆಸರೆತ್ತಿ ನಿಟ್ಟುಸಿರಿಡುವ ನಾವು, ಪ್ರಶ್ನೆ ಕೇಳುವ ಮಗುವನ್ನು ಗದರಿಸಿ ಕೂರಿಸುತ್ತೇವಲ್ಲ, ಇದೆಂಥ ಗೌರವ?

ಹಾಗೆಂದು ಎಲ್ಲವೂ ಸರಿಯಾಗಿದೆ ಎಂದು ನಾವು ಹೇಳುತ್ತಿಲ್ಲ. ನಾರ್ವೆಯಲ್ಲಿ ಸೇನೆಗೆ ಸೇರುವ ಯುವಕರ ಅಂಕಗಳನ್ನು ಪರಿಶೀಲಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. 1962ರಿಂದ 1991ರವರೆಗೆ ಜನಿಸಿದ 7 ಲಕ್ಷಕ್ಕೂ ಹೆಚ್ಚು ಮಂದಿಯ ಅಂಕಗಳಲ್ಲಿ, 1970ರ ದಶಕದ ಮಧ್ಯಭಾಗದ ತನಕ ಹುಟ್ಟಿದವರಲ್ಲಿ ಏರಿಕೆಯೂ ಆ ಬಳಿಕದವರಲ್ಲಿ ಇಳಿಕೆಯೂ ಕಂಡುಬಂತು. ಗಮನಾರ್ಹ ಸಂಗತಿಯೇನೆಂದರೆ, ಒಂದೇ ತಂದೆ-ತಾಯಿಯ ಮಕ್ಕಳಾದ ಅಣ್ಣತಮ್ಮಂದಿರ ನಡುವೆಯೂ ಈ ಏರಿಳಿತವಿತ್ತು. ಅಂದ ಮೇಲೆ ಕಾರಣ ರಕ್ತದಲ್ಲಿಲ್ಲ, ವಂಶದಲ್ಲಿಲ್ಲ, ಬೆಳೆಯುವ ಪರಿಸರದಲ್ಲಿದೆ. ಪರಿಸರದಿಂದ ಏರಿದ್ದು ಪರಿಸರದಿಂದಲೇ ಇಳಿಯಬಹುದು. ನಮ್ಮ ಹೊಣೆಗಾರಿಕೆ ಆರಂಭವಾಗುವುದು ಇಲ್ಲಿಂದ.

ನಮ್ಮ ಮಕ್ಕಳ ಬುದ್ಧಿಯನ್ನು ನಿಜಕ್ಕೂ ಕಸಿಯುತ್ತಿರುವುದು ಯಾವುದು? ಮೊದಲನೆಯದಾಗಿ ಅಡುಗೆಮನೆಯನ್ನೇ ನೋಡೋಣ. ಗರ್ಭಿಣಿಗೆ ಅಯೋಡಿನ್ ಸಾಲದಾದರೆ ಹೊಟ್ಟೆಯಲ್ಲಿರುವ ಮಗುವಿನ ಮೆದುಳು ಪೂರ್ಣವಾಗಿ ಬೆಳೆಯುವುದಿಲ್ಲ. 2006ರಿಂದ ನಮ್ಮ ದೇಶದಲ್ಲಿ ಅಯೋಡಿನ್ ಸೇರಿಸದ ಉಪ್ಪನ್ನು ಊಟದ ಬಳಕೆಗೆ ಮಾರುವುದಕ್ಕೆ ನಿಷೇಧವಿದೆ. ಆದರೂ ಅಗ್ಗವೆಂದೋ ರುಚಿಯೆಂದೋ ಬಿಡಿ ಕಲ್ಲುಪ್ಪನ್ನು ತರುವ ಮನೆಗಳಿವೆ. ಎರಡನೆಯದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67ರಷ್ಟು, ಮಹಿಳೆಯರಲ್ಲಿ ಶೇ. 57ರಷ್ಟು ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದರು. ಕಬ್ಬಿಣದ ಕೊರತೆಯಿರುವ ಮಗು ತರಗತಿಯಲ್ಲಿ ತೂಕಡಿಸಿದರೆ ನಾವು ಅದನ್ನು ಸೋಮಾರಿ ಎನ್ನುತ್ತೇವೆ. ಗಂಡುಮಕ್ಕಳ ತಟ್ಟೆ ತುಂಬಿಸಿ ಉಳಿದದ್ದನ್ನು ಹೆಣ್ಣುಮಕ್ಕಳಿಗೆ ಬಡಿಸುವ ಮನೆ, ನಾಳಿನ ತಾಯಿಯಿಂದ ಮತ್ತು ಆಕೆಯ ಮಗುವಿನಿಂದ ಕಸಿಯುತ್ತಿರುತ್ತದೆ.

ಮೂರನೆಯದು ಸೀಸ. ಈ ಲೋಹ ಅತ್ಯಲ್ಪ ಪ್ರಮಾಣದಲ್ಲಿ ದೇಹ ಸೇರಿದರೂ ಮಕ್ಕಳ ಮೆದುಳಿಗೆ ಹಾನಿಕರ. 2000ದಲ್ಲಿ ನಮ್ಮ ದೇಶದಲ್ಲಿ ಸೀಸಯುಕ್ತ ಪೆಟ್ರೋಲ್ ನಿಂತಿತು. 2017ರಿಂದ ಬಣ್ಣಗಳಲ್ಲಿ ಸೀಸಕ್ಕೆ ಕಟ್ಟುನಿಟ್ಟಿನ ಮಿತಿ ಬಂತು. ಆದರೆ ಹಳೆಯ ಗೋಡೆಗಳ ಉದುರುವ ಬಣ್ಣದಲ್ಲಿ, ಬ್ಯಾಟರಿ ಒಡೆಯುವ ಶೆಡ್ಡುಗಳ ಧೂಳಿನಲ್ಲಿ ಅದು ಇನ್ನೂ ಇದೆ. ನಾವು ಹಸುಗೂಸಿನ ಕಣ್ಣಿಗೆ ಪ್ರೀತಿಯಿಂದ ಹಚ್ಚುವ ಅನೇಕ ಬಗೆಯ ಸುರ್ಮಾಗಳ ಮೂಲವಸ್ತುವೇ ಸೀಸದ ಅದಿರು. ಕಣ್ಣುಜ್ಜಿದ ಕೈ ಬಾಯಿಗೆ ಹೋಗುವುದಕ್ಕೆ ಎಷ್ಟು ಹೊತ್ತು?

ನಾಲ್ಕನೆಯದು ಮತ್ತು ಮುಖ್ಯವಾದುದು ಶಾಲೆ. ಆರು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಶಾಲೆಯಲ್ಲಿ ಕಳೆಯುವ ಪ್ರತಿಯೊಂದು ಹೆಚ್ಚುವರಿ ವರ್ಷ ಬುದ್ಧಿ ಸೂಚ್ಯಂಕವನ್ನು 1ರಿಂದ 5 ಅಂಶಗಳಷ್ಟು ಏರಿಸುತ್ತದೆ. ಅಂದರೆ ಬುದ್ಧಿಯಿದ್ದವನು ಶಾಲೆಯಲ್ಲಿ ಉಳಿಯುತ್ತಾನೆ ಎಂಬುದು ಎಷ್ಟು ನಿಜವೋ, ಶಾಲೆಯಲ್ಲಿ ಉಳಿದವನ ಬುದ್ಧಿ ಬೆಳೆಯುತ್ತದೆ ಎಂಬುದೂ ಅಷ್ಟೇ ನಿಜ. ಈಗ ನಮ್ಮ ಸ್ಥಿತಿಯನ್ನು ನೋಡಿ. 6ರಿಂದ 14ರ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಕಾಲುಭಾಗದಷ್ಟು ಮಂದಿ ಶಾಲೆಯನ್ನೇ ಕಂಡಿಲ್ಲ ಅಥವಾ ಅರ್ಧಕ್ಕೆ ಬಿಟ್ಟಿದ್ದಾರೆ ಎಂದು 2006ರ ಸಾಚಾರ್ ಸಮಿತಿಯ ವರದಿ ತಿಳಿಸಿತ್ತು. ಆ ಮಕ್ಕಳು ಇಂದು ತಂದೆ-ತಾಯಿಗಳಾಗಿದ್ದಾರೆ. ಅವರಿಗೆ ಸಿಗದ ವರ್ಷಗಳು ಅವರ ಮಕ್ಕಳಿಗಾದರೂ ಸಿಗುವಂತೆ ಮಾಡುವಲ್ಲಿ ಸರಕಾರದ ಹೊಣೆಯೂ ಇದೆ, ಮೊಹಲ್ಲಾದ ಹೊಣೆಯೂ ಇದೆ. ಶಿಕ್ಷಕರಿಲ್ಲದ ಶಾಲೆಗಾಗಿ ಮನವಿ ಕೊಡಬೇಕು, ಧ್ವನಿಯೆತ್ತಬೇಕು. ಅದರ ಜೊತೆಗೇ ನಮ್ಮ ಬಾಗಿಲಿನೊಳಗೆ ನಡೆಯುವುದನ್ನೂ ಪ್ರಶ್ನಿಸಿಕೊಳ್ಳಬೇಕು.

ನಡೆಯುತ್ತಿರುವುದೇನು? ಎಂಟನೆಯ ತರಗತಿಯಲ್ಲಿ ಹುಡುಗ ಗಣಿತದಲ್ಲಿ ಫೇಲಾಗುತ್ತಾನೆ. 'ಇವನ ತಲೆಗೆ ಹತ್ತುವುದಿಲ್ಲ, ಏನಾದರೂ ಕೆಲಸ ಕಲಿಯಲಿ' ಎಂದು ಹಿರಿಯರು ತೀರ್ಪು ಕೊಡುತ್ತಾರೆ. ಅವನನ್ನು ಬ್ಯಾಟರಿ ಅಂಗಡಿಗೋ ಗ್ಯಾರೇಜಿಗೋ ಸೇರಿಸಲಾಗುತ್ತದೆ. ಬುದ್ಧಿಯನ್ನು ಬೆಳೆಸುವ ಶಾಲೆಯಿಂದ ಬಿಡಿಸಿ, ಬುದ್ಧಿಯನ್ನು ತಿನ್ನುವ ಸೀಸದ ಧೂಳಿಗೆ ನಾವೇ ಕಳುಹಿಸುತ್ತೇವೆ. ಅವನ ತಂಗಿಯ ಬಗ್ಗೆಯಂತೂ ತೀರ್ಪು ಕೊಡುವಷ್ಟು ಚರ್ಚೆಯೂ ನಡೆಯುವುದಿಲ್ಲ. ಹತ್ತು ವರ್ಷಗಳ ಬಳಿಕ ಅವರಿಬ್ಬರನ್ನೂ ತೋರಿಸಿ, 'ಈಗಿನವರಿಗೆ ಬುದ್ಧಿಯಿಲ್ಲ' ಎನ್ನುತ್ತೇವೆ.

ಮೊಬೈಲಿನ ಬಗ್ಗೆ ಎಲ್ಲರೂ ದೂರುತ್ತಾರೆ. ದೂರಿಗೆ ಆಧಾರವಿಲ್ಲ ಎನ್ನಲಾಗದು. ಆದರೆ ಊಟದ ಹೊತ್ತಿನಲ್ಲಿ ತಂದೆಯ ಕಣ್ಣು ಪರದೆಯ ಮೇಲಿದ್ದರೆ ಮಗುವಿನ ಕೈಯಿಂದ ಅದನ್ನು ಕಿತ್ತುಕೊಳ್ಳುವ ಹಕ್ಕು ಯಾರಿಗಿದೆ? ಅಜ್ಜಿಯ ನೆನಪಿನ ಶಕ್ತಿಯನ್ನು ಹೊಗಳುವ ನಾವು, ಅಜ್ಜಿಯ ಪಕ್ಕದಲ್ಲಿ ಮಗುವನ್ನು ಕೂರಿಸಿ ಆ ಕತೆಗಳನ್ನು ಹೇಳಿಸುತ್ತೇವೆಯೇ? ಮನೆಗೊಂದು ಪತ್ರಿಕೆ, ಮೊಹಲ್ಲಾಕ್ಕೊಂದು ವಾಚನಾಲಯ, ದಿನಕ್ಕೆ ಅರ್ಧ ಗಂಟೆ ಮಕ್ಕಳೊಂದಿಗೆ ಮಾತು — ಇವು ನಮ್ಮ ಶಕ್ತಿಗೆ ಮೀರಿದ ವೆಚ್ಚಗಳಲ್ಲ. ಒಂದು ಮದುವೆಯ ಅಲಂಕಾರದ ಖರ್ಚಿನಲ್ಲಿ ಒಂದು ವಾಚನಾಲಯ ವರ್ಷವಿಡೀ ನಡೆದೀತು.

ಸಹೋದರ ಸಹೋದರಿಯರೇ, ಹಿರಿಯರನ್ನು ಗೌರವಿಸೋಣ. ಆದರೆ ಅವರ ಹೆಸರನ್ನು ಮಕ್ಕಳ ತಲೆಯ ಮೇಲೆ ಹೊಡೆಯುವ ಕೋಲಾಗಿಸುವುದು ಬೇಡ. ಅಜ್ಜನಿಗಿದ್ದ ಬುದ್ಧಿ ಮೊಮ್ಮಗನಿಗೂ ಇದೆ. ಅಜ್ಜನಿಗೆ ಸಂತೆ ಕಲಿಸಿತು, ಮೊಮ್ಮಗನಿಗೆ ಶಾಲೆ ಕಲಿಸಬೇಕು, ಮನೆ ಕಲಿಸಬೇಕು. ಇಂದು ಇಲ್ಲಿಂದ ಮರಳಿದ ಬಳಿಕ ನಾವು ಮಾಡಬಹುದಾದ ಕೆಲಸಗಳಿವೆ. ಉಪ್ಪಿನ ಪೊಟ್ಟಣದ ಮೇಲೆ ಅಯೋಡಿನ್ ಎಂದು ಬರೆದಿದೆಯೇ ನೋಡೋಣ. ಮಗುವಿನ ರಕ್ತಪರೀಕ್ಷೆ ಮಾಡಿಸೋಣ. ಸುರ್ಮಾದ ಡಬ್ಬಿಯನ್ನು ಮಗುವಿನಿಂದ ದೂರವಿಡೋಣ. ಶಾಲೆ ಬಿಡಿಸುವ ಮಾತು ಯಾವ ಮನೆಯಲ್ಲಿ ಕೇಳಿಬಂದರೂ ಆ ಮನೆಯ ಬಾಗಿಲು ತಟ್ಟೋಣ. ಮತ್ತು 'ದಡ್ಡ' ಎಂಬ ಪದವನ್ನು ನಮ್ಮ ಮನೆಯ ಮಾತಿನಿಂದ ಹೊರಹಾಕೋಣ.