ಮೂರನೆಯ ಸ್ಥಾನದ ಆಟ



ಹುಬ್ಬಳ್ಳಿ ಧಾರವಾಡಗಳಲ್ಲಿ ಆಟವೆಂದರೆ ಕ್ರಿಕೆಟ್ಟೇ ಎಂಬ ಭಾವನೆ ಬಲವಾಗಿ ಬೇರೂರಿದೆ. ಅಂಥ ಊರಿನವರಾದ ನಾವೂ ೨೦೨೫ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಕೆಲವು ಸಂಜೆಗಳನ್ನು ಹಾಕಿಗೆ ಮೀಸಲಿಟ್ಟೆವು. ಇಪ್ಪತ್ತೊಂದು ವರ್ಷದೊಳಗಿನ ತರುಣರ ವಿಶ್ವಕಪ್ ಪಂದ್ಯಗಳು ಆಗ ಚೆನ್ನೈ, ಮಧುರೈ ನಗರಗಳಲ್ಲಿ ನಡೆಯುತ್ತಿದ್ದುವು. ಭಾರತ ತಂಡದ ಪಟ್ಟಿಯಲ್ಲಿ, ರಕ್ಷಣೆಯ ಆಟಗಾರರ ಸಾಲಿನಲ್ಲಿ, ಸುನಿಲ್ ಪಾಲಾಕ್ಷಪ್ಪ ಬೆನ್ನೂರ ಎಂಬ ಹೆಸರಿತ್ತು. ಇಂಥ ಹೆಸರು ಧಾರವಾಡದ ಕಿವಿಗೆ ಪರಕೀಯವೆನಿಸುವುದಿಲ್ಲ. ಪಂದ್ಯದತ್ತ ನಮ್ಮ ಮನಸ್ಸನ್ನು ಎಳೆಯಲು ಅಷ್ಟೇ ಸಾಕಾಯಿತು.

ಇಪ್ಪತ್ತನಾಲ್ಕು ದೇಶಗಳು ಈ ಸ್ಪರ್ಧೆಯಲ್ಲಿ ಸೇರಿದುದು ಅದೇ ಮೊದಲು. ಮೊದಲ ಸುತ್ತಿನಲ್ಲಿ ನಮ್ಮವರು ಚಿಲಿ, ಓಮಾನ್, ಸ್ವಿಟ್ಜರ್ಲೆಂಡುಗಳ ಮೇಲೆ ಒಟ್ಟು ೨೯ ಗೋಲು ಹೊಡೆದು, ಒಂದನ್ನೂ ಬಿಟ್ಟುಕೊಡಲಿಲ್ಲ. ಓಮಾನಿನ ಮೇಲೆಯೇ ಹದಿನೇಳು! ಇಂಥ ಗೆಲುವು ನೋಡಲು ಚೆಂದ, ಆದರೆ ಆಟಗಾರನಿಗೆ ಅದರಿಂದ ಆಗುವ ಉಪಕಾರ ಅಲ್ಪವೆಂದೇ ನಮ್ಮ ಎಣಿಕೆ. ಸೋಲಿನ ಭಯವನ್ನೇ ಕಾಣದೆ ತಂಡವು ಎಂಟರ ಘಟ್ಟಕ್ಕೆ ಬಂದುಬಿಟ್ಟಿತು.

ಡಿಸೆಂಬರ್ ೫ರಂದು ಎದುರಾದುದು ಬೆಲ್ಜಿಯಂ. ಮೊದಲ ಗೋಲು ಅವರದಾಯಿತು. ರೋಹಿತ್ ಸಮಮಾಡಿದ, ಶಾರದಾನಂದ ತಿವಾರಿ ಮುಂದೊಯ್ದ. ಆಟ ಮುಗಿಯಲು ಒಂದು ನಿಮಿಷವಿದೆಯೆನ್ನುವಾಗ ಬೆಲ್ಜಿಯಂ ಮತ್ತೆ ಗೋಲು ಹೊಡೆದು ೨-೨ ಮಾಡಿತು. ಇನ್ನು ಉಳಿದುದು ಶೂಟೌಟ್. ಇದರ ಕ್ರಮವನ್ನು ಅರಿಯದವರಿಗಾಗಿ ಎರಡು ಮಾತು: ೨೩ ಮೀಟರಿನ ಗೆರೆಯಿಂದ ಆಟಗಾರನೊಬ್ಬನು ಚೆಂಡಿನೊಡನೆ ಹೊರಡುತ್ತಾನೆ, ಎದುರಿಗೆ ಗೋಲುರಕ್ಷಕನೊಬ್ಬನೇ, ಕಾಲಾವಕಾಶ ಎಂಟು ಸೆಕೆಂಡು. ರಕ್ಷಕನು ತಪ್ಪಾಗಿ ತಡೆದರೆ ಹತ್ತಿರದಿಂದ ಹೊಡೆಯುವ ಸ್ಟ್ರೋಕ್ ದೊರೆಯುತ್ತದೆ. ಹಾಗೆ ದೊರೆತ ಸ್ಟ್ರೋಕುಗಳಲ್ಲಿ ತಿವಾರಿ ಮೂರು ಬಾರಿ ಗುರಿ ಮುಟ್ಟಿದನು. ನಮ್ಮ ಕಡೆ ಪ್ರಿನ್ಸ್‌ದೀಪ್ ಸಿಂಗ್ ಗೋಲಿನ ಬಾಯಲ್ಲಿ ಭದ್ರವಾಗಿ ನಿಂತನು. ೪-೩ರಿಂದ ಭಾರತ ಉಳಿದುಕೊಂಡಿತು.

ಎರಡು ದಿನಗಳ ಮೇಲೆ ಉಪಾಂತ್ಯದಲ್ಲಿ ಜರ್ಮನಿಯು ನಮ್ಮವರನ್ನು ೫-೧ರಿಂದ ಸೋಲಿಸಿತು. ಆ ಪಂದ್ಯದ ವಿಷಯ ಹೆಚ್ಚು ಹೇಳಬೇಕಾದುದಿಲ್ಲ.

ಹೇಳಬೇಕಾದುದು ಅದರ ಹಿಂದಿನ ಕಥೆಯನ್ನು. ೨೦೨೧ರಲ್ಲಿ ಭುವನೇಶ್ವರದಲ್ಲಿ ಉಪಾಂತ್ಯದ ಎದುರಾಳಿ ಜರ್ಮನಿ, ಸೋಲು. ೨೦೨೩ರಲ್ಲಿ ಕೌಲಾಲಂಪುರದಲ್ಲಿ ಮತ್ತೆ ಜರ್ಮನಿ, ಮತ್ತೆ ಸೋಲು. ಎರಡು ಸಲವೂ ಮೂರನೆಯ ಸ್ಥಾನಕ್ಕಾಗಿ ಆಡಬೇಕಾಗಿ ಬಂದಿತು. ಒಮ್ಮೆ ಫ್ರಾನ್ಸು, ಇನ್ನೊಮ್ಮೆ ಸ್ಪೇನು, ಒಂದೇ ಲೆಕ್ಕದಲ್ಲಿ, ೩-೧ರಿಂದ ನಮ್ಮವರನ್ನು ಬರಿಗೈಯಲ್ಲಿ ಕಳುಹಿಸಿದುವು. ಈ ಮೂರನೆಯ ಸ್ಥಾನದ ಆಟವನ್ನು ಉಂಡೆಲೆಯಂತೆ ಕಾಣುವವರು ಬಹಳ. ಆದರೆ ಅದರ ಕಷ್ಟವೇ ಬೇರೆ. ಮೊನ್ನೆ ತಾನೇ ಆಸೆ ಮುರಿದ ಹುಡುಗರು ಅದೇ ಅಂಗಣಕ್ಕೆ ಇಳಿಯಬೇಕು. ಮನಸ್ಸನ್ನು ಎಲ್ಲಿಂದ ತರುವುದು?

ಈ ಪ್ರಶ್ನೆಗೆ ಉತ್ತರ ಬಲ್ಲವರೊಬ್ಬರು ತಂಡದ ತರಬೇತಿಯ ಹೊಣೆ ಹೊತ್ತಿದ್ದರು. ಗೋಲುರಕ್ಷಕರಾಗಿದ್ದ ಪಿ. ಆರ್. ಶ್ರೀಜೇಶರ ಎರಡು ಒಲಿಂಪಿಕ್ ಪದಕಗಳೂ ಇಂಥ ಆಟದಲ್ಲಿಯೇ ದೊರೆತವು. ೨೦೨೧ರಲ್ಲಿ ಟೋಕಿಯೋದಲ್ಲಿ ೧-೩ರಿಂದ ಹಿಂದೆ ಬಿದ್ದಿದ್ದ ಭಾರತ, ಜರ್ಮನಿಯನ್ನು ೫-೪ರಿಂದ ಗೆದ್ದಿತು. ೨೦೨೪ರಲ್ಲಿ ಪ್ಯಾರಿಸಿನಲ್ಲಿ ಸ್ಪೇನನ್ನು ೨-೧ರಿಂದ. ವಿರಾಮದ ಹೊತ್ತಿನಲ್ಲಿ ಅವರು ಹುಡುಗರಿಗೆ ಏನು ಹೇಳಿದರೋ ನಾವು ಕೇಳಿದವರಲ್ಲ. ಆದರೆ ಹೇಳುವ ಅಧಿಕಾರ ಅವರಿಗಿತ್ತು.

ಡಿಸೆಂಬರ್ ೧೦ರಂದು ಎದುರಾಳಿ ಅರ್ಜೆಂಟೀನಾ. ಮೂರನೆಯ ನಿಮಿಷದಲ್ಲಿಯೇ ಅವರಿಗೆ ಗೋಲು, ನಲವತ್ತನಾಲ್ಕರಲ್ಲಿ ಇನ್ನೊಂದು. ಮೂರು ಭಾಗ ಆಟ ಮುಗಿದು ನಮ್ಮ ಲೆಕ್ಕ ಸೊನ್ನೆ. ಹಳೆಯ ಕಥೆಯೇ ಮರಳಿತೆಂದು ನಮ್ಮಲ್ಲಿ ಎದ್ದುಹೋದವರೂ ಉಂಟು. ಪಾಪ, ಅವರು ಕಳೆದುಕೊಂಡುದು ಅಷ್ಟಿಷ್ಟಲ್ಲ. ನಲವತ್ತೊಂಬತ್ತನೆಯ ನಿಮಿಷದಲ್ಲಿ ಅಂಕಿತ್ ಪಾಲ್, ಐವತ್ತೆರಡರಲ್ಲಿ ಮನ್ಮೀತ್ ಸಿಂಗ್ ಗೋಲು ಹೊಡೆದು ಸಮಮಾಡಿದರು. ಐವತ್ತೇಳರಲ್ಲಿ ದೊರೆತ ಸ್ಟ್ರೋಕನ್ನು ತಿವಾರಿ ವ್ಯರ್ಥಮಾಡಲಿಲ್ಲ. ಮರುನಿಮಿಷವೇ ಅನ್ಮೋಲ್ ಎಕ್ಕಾ ನಾಲ್ಕನೆಯದನ್ನು ಸೇರಿಸಿದ. ಹುಬ್ಬಳ್ಳಿಯಿಂದ ಹೊರಟ ಬಸ್ಸು ಧಾರವಾಡದ ಅರ್ಧ ದಾರಿಯನ್ನೂ ಸವೆಸಲಾರದಷ್ಟು ಹೊತ್ತಿನಲ್ಲಿ ಈ ನಾಲ್ಕೂ ಆಗಿಹೋದುವು.

೨೦೧೬ರಲ್ಲಿ ಲಖನೌದಲ್ಲಿ ಚಿನ್ನ ಗೆದ್ದ ಮೇಲೆ ಈ ಸ್ಪರ್ಧೆಯಲ್ಲಿ ಭಾರತದ ಕಿರಿಯರಿಗೆ ಬಂದ ಮೊದಲ ಪದಕವಿದು. ಅದೇ ರಾತ್ರಿ ಅಂತಿಮ ಪಂದ್ಯದಲ್ಲಿ ಜರ್ಮನಿಯೂ ಸ್ಪೇನೂ ೧-೧ರಲ್ಲಿ ನಿಂತು, ಶೂಟೌಟಿನಲ್ಲಿ ಜರ್ಮನಿ ೩-೨ರಿಂದ ಕಪ್ಪನ್ನು ಒಯ್ದಿತು. ಹುಬ್ಬಳ್ಳಿಯ ನಮ್ಮ ಬಳಗದಲ್ಲಿ ಆ ಪಂದ್ಯದ ಮಾತನ್ನು ಎತ್ತಿದವರು ಯಾರೂ ಇಲ್ಲ.