ಫೋಯ್ ಬಂದರಿನ ನೆರಳಲ್ಲಿ ಹುಟ್ಟಿದ 'ರೆಬೆಕಾ'



ಇಂಗ್ಲೆಂಡಿನ ನೈಋತ್ಯ ತುದಿಯಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡಿರುವ ಸೀಮೆ ಕಾರ್ನ್‌ವಾಲ್. ಅದರ ದಕ್ಷಿಣ ಕರಾವಳಿಯಲ್ಲಿ, ಹೊಳೆ ಸಮುದ್ರ ಸೇರುವ ಕಡೆ, ಫೋಯ್ ಎಂಬ ಪುಟ್ಟ ಬಂದರಿದೆ. ಇಕ್ಕಟ್ಟಾದ ಬೀದಿಗಳು, ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಮನೆಗಳು, ಜೇಡಿಮಣ್ಣು ತುಂಬಿಕೊಂಡು ಹೋಗಲು ಬರುವ ಹಡಗುಗಳು. ಎದುರು ದಡದಲ್ಲಿ ಬೋಡಿನಿಕ್, ಪೊಲ್ರುವನ್ ಎಂಬ ಎರಡು ಹಳ್ಳಿಗಳು. 1926ರಲ್ಲಿ ಲಂಡನ್ನಿನ ನಾಟಕದ ಕುಟುಂಬವೊಂದು ರಜೆ ಕಳೆಯಲೆಂದು ಬೋಡಿನಿಕ್ ಕಡವಿನ ಪಕ್ಕದ ಮನೆಯೊಂದನ್ನು ಕೊಂಡಿತು. ಆ ಮನೆಯ ಮೂವರು ಹೆಣ್ಣುಮಕ್ಕಳಲ್ಲಿ ನಡುವಿನವಳಿಗೆ ಆಗ 19 ವರ್ಷ. ಅವಳೇ ಡಾಫ್ನೆ ದು ಮಾರಿಯೇ. ಹನ್ನೆರಡು ವರ್ಷಗಳ ನಂತರ ಆಕೆ ಬರೆದ 'ರೆಬೆಕಾ' ಎಂಬ ಕಾದಂಬರಿ, ಮತ್ತು ಅದು ಹುಟ್ಟಿಬಂದ ಬಗೆ, ಇವತ್ತಿನ ನನ್ನ ಮಾತಿನ ವಿಷಯ.

ಬರವಣಿಗೆ ಈ ಮನೆತನಕ್ಕೆ ಹೊಸದಾಗಿರಲಿಲ್ಲ. ಅಜ್ಜ ಜಾರ್ಜ್ ದು ಮಾರಿಯೇ 'ಪಂಚ್' ಪತ್ರಿಕೆಯ ವ್ಯಂಗ್ಯಚಿತ್ರಕಾರ. 1894ರಲ್ಲಿ ಅವನು ಬರೆದ 'ಟ್ರಿಲ್ಬಿ' ಕಾದಂಬರಿ ಎರಡು ಖಂಡಗಳಲ್ಲಿ ಮನೆಮಾತಾಗಿತ್ತು. ತಂದೆ ಜೆರಾಲ್ಡ್ ಲಂಡನ್ ರಂಗಭೂಮಿಯ ಹೆಸರಾಂತ ನಟ. ಆದರೆ ಮಗಳಿಗೆ ಲಂಡನ್ ಒಗ್ಗಲಿಲ್ಲ, ಫೋಯ್ ಒಗ್ಗಿತು. ಮನೆಯವರೆಲ್ಲ ಊರಿಗೆ ಹಿಂತಿರುಗಿದರೂ ಅವಳು ದೋಣಿ ನಡೆಸುವುದನ್ನು ಕಲಿಯುತ್ತ, ಮೀನುಗಾರರ ಹತ್ತಿರ ಹಳೆಯ ಕಥೆ ಕೇಳುತ್ತ ಅಲ್ಲೇ ಉಳಿದುಬಿಡುತ್ತಿದ್ದಳು. ಕೊಲ್ಲಿಯಲ್ಲಿ ಜೀರ್ಣವಾಗಿ ಬಿದ್ದಿದ್ದ 'ಜೇನ್ ಸ್ಲೇಡ್' ಎಂಬ ಹಾಯಿಹಡಗು ಅವಳ ಕಣ್ಣಿಗೆ ಬಿತ್ತು. ಪೊಲ್ರುವನ್ನಿನಲ್ಲಿ ಹಡಗು ಕಟ್ಟುತ್ತಿದ್ದ ಮನೆತನದ ಹೆಂಗಸೊಬ್ಬಳ ಹೆಸರು ಅದು. ಆ ಮನೆತನದ ಹಳೆಯ ಕಾಗದಪತ್ರಗಳನ್ನು ಓದಿ 1931ರಲ್ಲಿ ತನ್ನ ಮೊದಲ ಕಾದಂಬರಿ 'ದಿ ಲವಿಂಗ್ ಸ್ಪಿರಿಟ್' ಪ್ರಕಟಿಸಿದಳು. ಆ ಹಡಗಿನ ಮುಂಬದಿಯ ಮರದ ಹೆಣ್ಣುಬೊಂಬೆಯನ್ನು ಅವಳ ಮನೆಯ ಗೋಡೆಗೇ ತಂದು ಕೂರಿಸಿದರು.

ಈ ಪುಸ್ತಕವೇ ಅವಳಿಗೆ ಗಂಡನನ್ನೂ ತಂದುಕೊಟ್ಟಿತು. ಫ್ರೆಡರಿಕ್ ಬ್ರೌನಿಂಗ್ ಎಂಬ ಸೈನ್ಯಾಧಿಕಾರಿ ಕಾದಂಬರಿಯನ್ನು ಓದಿ, ಅದರಲ್ಲಿ ಬರುವ ಸಮುದ್ರತೀರವನ್ನು ನೋಡಲು ತನ್ನ ದೋಣಿಯಲ್ಲೇ ಫೋಯ್‌ಗೆ ಬಂದ. 1932ರ ಏಪ್ರಿಲ್‌ನಲ್ಲಿ ಪರಿಚಯ, ಜುಲೈನಲ್ಲಿ ಮದುವೆ. ದಿಬ್ಬಣ ಹೊರಟಿದ್ದೂ ದೋಣಿಯಲ್ಲೇ, ಹೊಳೆಯ ಆಚೆಗಿನ ಲ್ಯಾಂಟೆಗ್ಲಾಸ್ ಚರ್ಚಿಗೆ. ಇಲ್ಲಿಗೆ ಎಲ್ಲವೂ ಒಂದು ಪ್ರೇಮಕಥೆಯ ಹಾಗೆಯೇ ಕಾಣುತ್ತದೆ. ಆದರೆ ಬ್ರೌನಿಂಗನಿಗೆ ಈ ಹಿಂದೆ ಇನ್ನೊಬ್ಬ ಚೆಲುವೆಯ ಜೊತೆ ನಿಶ್ಚಿತಾರ್ಥವಾಗಿ ಮುರಿದುಬಿದ್ದಿತ್ತು. ಅವಳ ಹಳೆಯ ಪತ್ರಗಳು ಡಾಫ್ನೆಯ ಕೈಗೆ ಸಿಕ್ಕವು. ರುಜುವಿನಲ್ಲಿದ್ದ 'ಆರ್' ಅಕ್ಷರ ದಿಟ್ಟವಾಗಿ, ದೊಡ್ಡದಾಗಿ ಬರೆದದ್ದು. ಗಂಡ ಇನ್ನೂ ಅವಳನ್ನೇ ನೆನೆಯುತ್ತಿರಬಹುದೇ ಎಂಬ ಅನುಮಾನ ಹೊಸ ಹೆಂಡತಿಯ ಮನಸ್ಸಿನಲ್ಲಿ ಸೇರಿಕೊಂಡಿತು. 'ರೆಬೆಕಾ' ಓದಿದವರಿಗೆ ಆ 'ಆರ್' ಎಲ್ಲಿಗೆ ಹೋಯಿತೆಂದು ಹೇಳಬೇಕಾಗಿಲ್ಲ. ಕಾದಂಬರಿಯಲ್ಲಿ ಉಡುಗೊರೆಯ ಕವನ ಪುಸ್ತಕದ ಮೊದಲ ಹಾಳೆಯಲ್ಲಿ ಉಳಿದ ಅಕ್ಷರಗಳನ್ನೆಲ್ಲ ಕುಗ್ಗಿಸಿ ನಿಂತಿರುವುದು ಅದೇ ಅಕ್ಷರ. ಕಥಾನಾಯಕನ ಎರಡನೆಯ ಹೆಂಡತಿ ಆ ಹಾಳೆಯನ್ನು ಕತ್ತರಿಸಿ, ಚೂರುಚೂರು ಮಾಡಿ, ಬೆಂಕಿ ಹಚ್ಚುತ್ತಾಳೆ. ಉರಿಯಲ್ಲಿ ಕೊನೆಗೆ ಸುಟ್ಟು ಸುರುಟುವುದೂ ಆ ಅಕ್ಷರವೇ.

ಕಥೆಗೆ ಬೇಕಾದ ಮನೆ ಆ ಹೊತ್ತಿಗಾಗಲೇ ಸಿಕ್ಕಿತ್ತು. ಫೋಯ್‌ನಿಂದ ಸ್ವಲ್ಪ ದೂರದಲ್ಲಿ, ಕಾಡಿನ ನಡುವೆ, ಮೆನಬಿಲ್ಲಿ ಎಂಬ ಹಳೆಯ ಬಂಗಲೆ. ಶತಮಾನಗಳಿಂದ ರ‍್ಯಾಶ್ಲೀ ಮನೆತನದ ಸೊತ್ತು. ಆಗ ಯಾರೂ ವಾಸವಿಲ್ಲದೆ, ಬಳ್ಳಿ ಹಬ್ಬಿ, ಕಿಟಕಿಗಳು ಮುಚ್ಚಿಹೋಗಿದ್ದವು. ಡಾಫ್ನೆ ಯಾರ ಅಪ್ಪಣೆಯೂ ಇಲ್ಲದೆ ಬೇಲಿ ದಾಟಿ ಹೋಗಿ ಕಿಟಕಿಯಲ್ಲಿ ಇಣುಕಿದ್ದುಂಟು. ಮೆನಬಿಲ್ಲಿಯ ಕೆಳಗಿನ ಕೊಲ್ಲಿಯಲ್ಲಿ 1930ರಲ್ಲಿ ಹಡಗೊಂದು ಬಂಡೆಗೆ ಬಡಿದು ನಿಂತದ್ದನ್ನೂ ಆಕೆ ಕಂಡಿದ್ದಳು. ಬಾಲ್ಯದಲ್ಲಿ ನೋಡಿದ್ದ ಪೀಟರ್‌ಬರೋ ಹತ್ತಿರದ ಮಿಲ್ಟನ್ ಎಂಬ ಇನ್ನೊಂದು ಭಾರಿ ಬಂಗಲೆಯ ಒಳಾಂಗಣವನ್ನು ಇದಕ್ಕೆ ಸೇರಿಸಿದಳು. ಹೀಗೆ ಕಾದಂಬರಿಯ ಮ್ಯಾಂಡರ್ಲಿ ಸಿದ್ಧವಾಯಿತು.

ಆದರೆ ಈ ಕಾರ್ನ್‌ವಾಲ್ ಕಾದಂಬರಿ ಶುರುವಾದದ್ದು ಕಾರ್ನ್‌ವಾಲಿನಲ್ಲಲ್ಲ, ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ. 1937ರಲ್ಲಿ ಗಂಡನ ಪಲ್ಟನ್ ಅಲ್ಲಿ ಬೀಡುಬಿಟ್ಟಿತ್ತು. ಸುಡುವ ಸೆಕೆ. ಅಧಿಕಾರಿಗಳ ಹೆಂಡಂದಿರು ನಡೆಸುವ ಪಾರ್ಟಿಗಳಲ್ಲಿ ಸಂಕೋಚದಿಂದ ಮುದುಡಿ ಕೂರುವ ಸ್ವಭಾವ. ಊರಿನ ಹಂಬಲ. ಬರೆದ ಮೊದಲ 15,000 ಪದಗಳನ್ನು ಹರಿದು ಬಿಸಾಡಿದಳು. ವರ್ಷದ ಕೊನೆಗೆ ಇಂಗ್ಲೆಂಡಿಗೆ ಹಿಂತಿರುಗಿದ ಮೇಲೆಯೇ ಬರವಣಿಗೆ ಓಡತೊಡಗಿದ್ದು. ನನಗೆ ಬಹಳ ಮುಖ್ಯವೆನಿಸುವ ತಿದ್ದುಪಡಿಯೊಂದು ಈ ಹಂತದಲ್ಲಿ ನಡೆಯಿತು. ಮೊದಲ ಯೋಜನೆಯಲ್ಲಿ ಉಪಸಂಹಾರವಾಗಿದ್ದ ಭಾಗವನ್ನು ಆಕೆ ಎತ್ತಿ ಕಾದಂಬರಿಯ ಆರಂಭಕ್ಕೆ ತಂದಳು. ಪಾಳುಬಿದ್ದ ಮನೆಗೆ ಕನಸಿನಲ್ಲಿ ಹಿಂತಿರುಗುವ ಆ ಪ್ರಸಿದ್ಧ ಮೊದಲ ಅಧ್ಯಾಯ ಹುಟ್ಟಿದ್ದು ಹಾಗೆ. ಮನೆ ಉಳಿಯುವುದಿಲ್ಲ, ಗಂಡಹೆಂಡಿರು ಪರದೇಶದ ಹೋಟೆಲುಗಳಲ್ಲಿ ದಿನ ದೂಡುತ್ತಿದ್ದಾರೆ ಎಂಬುದು ಓದುಗನಿಗೆ ಮೊದಲೇ ತಿಳಿದುಹೋಗುತ್ತದೆ. ಏನಾಗುತ್ತದೆ ಎಂಬ ಕುತೂಹಲವನ್ನು ಬಿಟ್ಟುಕೊಟ್ಟು, ಯಾಕಾಯಿತು ಎಂಬ ಕುತೂಹಲದ ಮೇಲೆ ನಾನೂರು ಪುಟ ನಡೆಸುವುದು ಸಾಮಾನ್ಯ ಧೈರ್ಯವಲ್ಲ.

ಕಥೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಶ್ರೀಮಂತ ಮಹಿಳೆಯೊಬ್ಬಳಿಗೆ ಜೊತೆಗಾತಿಯಾಗಿ ಸಂಬಳಕ್ಕಿರುವ ಬಡ ಹುಡುಗಿ, ಮಾಂಟೆ ಕಾರ್ಲೋದಲ್ಲಿ ಮ್ಯಾಕ್ಸಿಮ್ ಡಿ ವಿಂಟರ್ ಎಂಬ ವಿಧುರನನ್ನು ಮದುವೆಯಾಗಿ ಮ್ಯಾಂಡರ್ಲಿಗೆ ಬರುತ್ತಾಳೆ. ಕಾದಂಬರಿ ಮುಗಿದರೂ ಅವಳ ಹೆಸರು ನಮಗೆ ಗೊತ್ತಾಗುವುದಿಲ್ಲ. ಸತ್ತುಹೋದ ಮೊದಲ ಹೆಂಡತಿ ರೆಬೆಕಾಳ ಹೆಸರು ಮಾತ್ರ ಎಲ್ಲರ ಬಾಯಲ್ಲೂ. ರೆಬೆಕಾಳ ಕೋಣೆ, ಅವಳ ಬಾಚಣಿಗೆ, ಅವಳು ಹೂವು ಜೋಡಿಸುತ್ತಿದ್ದ ರೀತಿ ಎಲ್ಲವನ್ನೂ ಹಾಗೆಯೇ ಕಾಪಾಡಿಕೊಂಡು ಬಂದಿರುವ ಮಿಸೆಸ್ ಡ್ಯಾನ್ವರ್ಸ್ ಎಂಬ ಮನೆವಾರ್ತೆಯ ಹೆಂಗಸು ಹೊಸಬಳನ್ನು ಹೆಜ್ಜೆಹೆಜ್ಜೆಗೂ ಕುಗ್ಗಿಸುತ್ತಾಳೆ.

ಈ ಕಾದಂಬರಿಯ ಬಗ್ಗೆ ಬರೆಯುವವರು ಹೆಚ್ಚಾಗಿ ಬಂಗಲೆಯನ್ನು ಹೊಗಳುತ್ತಾರೆ. ನನ್ನ ಪ್ರಕಾರ ಇದರ ಉಸಿರು ಬಂಗಲೆಯ ಆಚೆಗಿನ ಊರಿನಲ್ಲಿದೆ. ಕಾದಂಬರಿಯಲ್ಲಿ ಆ ಊರಿಗೆ ಕೆರಿತ್ ಎಂದು ಹೆಸರು; ಫೋಯ್‌ನ ಛಾಯೆ ಅದರಲ್ಲಿ ಎದ್ದು ಕಾಣುತ್ತದೆ. ಹೊಸ ಹೆಂಡತಿ ಯಾರ ಮನೆಗೆ ಹೋದರೂ ಅಲ್ಲಿನ ಹೆಂಗಸರು ಅವಳನ್ನು ನೋಡುತ್ತ ಹಳಬಳನ್ನು ಅಳೆಯುತ್ತಾರೆ. ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲವೂ ಸ್ವಲ್ಪ ಸ್ವಲ್ಪ ಗೊತ್ತು, ಪೂರ್ತಿ ಯಾರೂ ಹೇಳುವುದಿಲ್ಲ. ಸಸ್ಪೆನ್ಸ್ ಕಟ್ಟುವುದಕ್ಕೆ ಇದಕ್ಕಿಂತ ಒಳ್ಳೆಯ ನೆಲ ಬೇರೆ ಬೇಕೇ?

ಇಲ್ಲಿ ಕಥೆಯ ಒಂದೆರಡು ಗುಟ್ಟುಗಳನ್ನು ಬಿಚ್ಚದೆ ವಿಧಿಯಿಲ್ಲ. ಕೊನೆಯ ಗುಟ್ಟನ್ನು ಮುಟ್ಟುವುದಿಲ್ಲ. ವೇಷಭೂಷಣದ ಔತಣ ನಡೆದ ಮರುದಿನ ಮಂಜಿನಲ್ಲಿ ಹಡಗೊಂದು ಕೊಲ್ಲಿಯಲ್ಲಿ ನೆಲಕಚ್ಚುತ್ತದೆ. ಅದರ ತಳ ಪರೀಕ್ಷಿಸಲು ಇಳಿದ ಮುಳುಗುಗಾರನಿಗೆ ರೆಬೆಕಾಳ ಹಾಯಿದೋಣಿ ಸಿಗುತ್ತದೆ, ಒಳಗೊಂದು ಹೆಣದ ಸಮೇತ. ಆದರೆ ರೆಬೆಕಾಳ ಹೆಣ ಎಂದು ಮ್ಯಾಕ್ಸಿಮ್ ಗುರುತಿಸಿ, ಮನೆತನದ ಸಮಾಧಿಯಲ್ಲಿಟ್ಟು ವರ್ಷವೇ ಕಳೆದಿದೆ! ವಿಚಾರಣೆ ನಡೆಯುತ್ತದೆ. ಎಲ್ಲವೂ ಆಕಸ್ಮಿಕ ಎಂದು ಮುಗಿದುಹೋಗುವುದರಲ್ಲಿತ್ತು. ಆಗ ಎದ್ದು ನಿಲ್ಲುತ್ತಾನೆ ಜೇಮ್ಸ್ ಟ್ಯಾಬ್, ಊರಿನ ದೋಣಿ ಕಟ್ಟುವವನು. ಅವನಿಗೆ ಯಾರ ಮೇಲೂ ಹಗೆಯಿಲ್ಲ. ಆ ದೋಣಿಯನ್ನು ದುರಸ್ತಿ ಮಾಡಿದ್ದು ತಾನು; ಅದು ಗಾಳಿಗೆ ಮಗುಚಿತು ಅಂದರೆ ತನ್ನ ಕಸುಬಿಗೆ ಕೆಟ್ಟ ಹೆಸರು. ಅದಕ್ಕಾಗಿ ಹೋಗಿ ಹಲಗೆಗಳನ್ನು ಪರೀಕ್ಷಿಸಿ ಬಂದಿದ್ದಾನೆ. ತಳದ ಹಲಗೆಯಲ್ಲಿ ತೂತುಗಳಿವೆ, ಅವುಗಳನ್ನು ಒಳಗಿನಿಂದ ಹೊಡೆದಿದ್ದಾರೆ, ಸಮುದ್ರದ ನೀರು ಒಳಬಿಡುವ ನಲ್ಲಿಗಳೂ ಪೂರ್ತಿ ತೆರೆದಿದ್ದವು ಎನ್ನುತ್ತಾನೆ. ಪತ್ತೇದಾರನೂ ಇಲ್ಲ, ಪೊಲೀಸ್ ಜಾಣ್ಮೆಯೂ ಇಲ್ಲ. ಒಬ್ಬ ಕಸುಬುದಾರನ ಮರ್ಯಾದೆಯ ಪ್ರಶ್ನೆ ಇಡೀ ಬಂಗಲೆಯನ್ನು ಅಲ್ಲಾಡಿಸಿಬಿಡುತ್ತದೆ. ಹಡಗು ಕಟ್ಟುವವರ ಬದುಕನ್ನು ಹತ್ತಿರದಿಂದ ಬಲ್ಲ ಲೇಖಕಿಗೆ ಮಾತ್ರ ಹೊಳೆಯುವ ಸಂಗತಿ ಇದು.

ಇನ್ನು ಪ್ರೀತಿಯ ವಿಷಯ. ಪ್ರಕಾಶಕ ವಿಕ್ಟರ್ ಗೊಲಾಂಜ್ 1938ರ ಆಗಸ್ಟ್‌ನಲ್ಲಿ ಮೊದಲ ಮುದ್ರಣವಾಗಿ 20,000 ಪ್ರತಿ ತಂದ. ಪುಸ್ತಕವನ್ನು ಪ್ರಣಯ ಕಾದಂಬರಿಯೆಂದು ಮಾರಿದರು, ಜನ ಹಾಗೆಯೇ ಕೊಂಡರು. ದು ಮಾರಿಯೇಗೆ ಇದು ಕೊನೆಯವರೆಗೂ ಸರಿಬರಲಿಲ್ಲ. ತಾನು ಬರೆದದ್ದು ಅಸೂಯೆಯ ಅಧ್ಯಯನ ಎಂದೇ ಆಕೆ ಹೇಳುತ್ತಿದ್ದಳು. ಆಕೆಯ ಮಾತೇ ಸರಿ. ರೆಬೆಕಾಳನ್ನು ಕೊಂದದ್ದು ತಾನೇ ಎಂದು ಮ್ಯಾಕ್ಸಿಮ್ ಹೆಂಡತಿಯ ಮುಂದೆ ಒಪ್ಪಿಕೊಳ್ಳುವ ಅಧ್ಯಾಯ ನೋಡಿ. ಅಷ್ಟು ಘೋರವಾದ ಮಾತು ಕೇಳಿಯೂ ಅವಳ ಮನಸ್ಸಿಗೆ ನಾಟುವುದು ಒಂದೇ: ಅವನು ರೆಬೆಕಾಳನ್ನು ಎಂದೂ ಪ್ರೀತಿಸಿರಲಿಲ್ಲ. ಅವಳಿಗೆ ಬಿಡುಗಡೆ, ಸಂತೋಷ. ಓದುತ್ತಿರುವ ನಮಗೂ ಅವನು ಸಿಕ್ಕಿಬೀಳದಿರಲಿ ಎಂಬ ಆಸೆ. ಕೊಲೆಗಾರನ ಪರ ನಾವು ನಿಂತದ್ದು ಯಾವಾಗ ಎಂಬುದು ತಿಳಿಯುವುದೇ ಇಲ್ಲ. ಈ ಕೈಚಳಕವನ್ನು ಹಗುರ ಓದು ಎಂದು ತಳ್ಳಿಹಾಕಿದ ವಿಮರ್ಶಕರು ಆಕೆಗೆ ಅನ್ಯಾಯ ಮಾಡಿದ್ದಾರೆ.

ಈ ಬಗೆಯ ಕಥನಕ್ಕೆ ಹಿಂದೆಯೂ ಒಂದು ಸಾಲು ಉಂಟು. 1794ರಲ್ಲಿ ಆ್ಯನ್ ರ‍್ಯಾಡ್‌ಕ್ಲಿಫ್ ಬರೆದ 'ದಿ ಮಿಸ್ಟರೀಸ್ ಆಫ್ ಯುಡಾಲ್ಫೋ'ದಲ್ಲಿ ಕೋಟೆಯೊಳಗೆ ಸಿಕ್ಕಿಬಿದ್ದ ಹುಡುಗಿ. 1847ರಲ್ಲಿ ಷಾರ್ಲೆಟ್ ಬ್ರಾಂಟೆಯ 'ಜೇನ್ ಏರ್'ನಲ್ಲಿ ದೊಡ್ಡ ಮನೆ, ಗುಟ್ಟಿಟ್ಟುಕೊಂಡ ಯಜಮಾನ, ಮೊದಲ ಹೆಂಡತಿ, ಬೆಂಕಿ. ದು ಮಾರಿಯೇ ಮೇಲೆ ಬ್ರಾಂಟೆಯ ಋಣ ದೊಡ್ಡದು. ಆದರೆ ಮೊದಲ ಹೆಂಡತಿಯನ್ನು ಮಾಳಿಗೆಯ ಕೋಣೆಯಿಂದ ಬಿಡಿಸಿ ಎಲ್ಲರ ನೆನಪಿನಲ್ಲಿ ಕೂರಿಸಿದ್ದು ಈಕೆಯದೇ ಹೊಸತನ.

ಪುಸ್ತಕ ಹೊರಬಂದ ನಾಲ್ಕೇ ತಿಂಗಳಿಗೆ ಅದು ರೇಡಿಯೋ ಏರಿತು. 1938ರ ಡಿಸೆಂಬರ್ 9ರಂದು ಅಮೆರಿಕದಲ್ಲಿ ಆರ್ಸನ್ ವೆಲ್ಸ್ ತನ್ನ ಹೊಸ ನಾಟಕಮಾಲೆಯನ್ನು 'ರೆಬೆಕಾ'ದಿಂದಲೇ ಆರಂಭಿಸಿದ. ಮಂಗಳ ಗ್ರಹದವರ ದಾಳಿಯ ರೇಡಿಯೋ ನಾಟಕ ಪ್ರಸಾರ ಮಾಡಿ ಆತ ದೇಶದ ತುಂಬ ಸುದ್ದಿಯಾಗಿ ಆರು ವಾರವೂ ಆಗಿರಲಿಲ್ಲ. ನಾಟಕ ಮುಗಿದ ಮೇಲೆ ಲಂಡನ್ನಿನಲ್ಲಿದ್ದ ಲೇಖಕಿಯ ಜೊತೆ ಶಾರ್ಟ್‌ವೇವ್ ಮೂಲಕ ಮಾತಾಡಿದ. ಅಟ್ಲಾಂಟಿಕ್ ದಾಟಿ ಬಂದ ಆ ದನಿಯನ್ನು ಅಮೆರಿಕದ ಮನೆಮನೆಗಳಲ್ಲಿ ಕೇಳಿಸಿಕೊಂಡರು. 1940ರಲ್ಲಿ ಆಲ್‌ಫ್ರೆಡ್ ಹಿಚ್‌ಕಾಕ್ ಸಿನಿಮಾ ಮಾಡಿದಾಗ ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಆದರೆ ಹೆಂಡತಿಯನ್ನು ಕೊಂದ ಗಂಡ ಶಿಕ್ಷೆಯಿಲ್ಲದೆ ಪಾರಾಗುವಂತಿಲ್ಲ ಎಂಬುದು ಅಂದಿನ ಹಾಲಿವುಡ್ ನಿಯಮ. ಹಾಗಾಗಿ ಸಿನಿಮಾದಲ್ಲಿ ರೆಬೆಕಾ ಜಾರಿಬಿದ್ದು ಸಾಯುತ್ತಾಳೆ. ಸಿನಿಮಾ ಚೆಂದವೇ, ಆದರೆ ಕಾದಂಬರಿಯ ಬೆನ್ನುಮೂಳೆ ಅಲ್ಲೇ ಮುರಿಯಿತು.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಲಂಡನ್ನಿನ ಕ್ವೀನ್ಸ್ ಥಿಯೇಟರಿಗೆ ಜರ್ಮನ್ ಬಾಂಬ್ ಬಿದ್ದಾಗ ಅಲ್ಲಿ ನಡೆಯುತ್ತಿದ್ದದ್ದು 'ರೆಬೆಕಾ' ನಾಟಕದ ಪ್ರದರ್ಶನಗಳೇ. ಯುದ್ಧ ನಡೆಯುತ್ತಿದ್ದಾಗಲೇ ಕೃತಿಚೌರ್ಯದ ಆರೋಪವೂ ಬಂತು. 1947ರಲ್ಲಿ ದು ಮಾರಿಯೇ ನ್ಯೂಯಾರ್ಕಿನ ನ್ಯಾಯಾಲಯದ ಕಟಕಟೆ ಹತ್ತಬೇಕಾಯಿತು. ಅಲೆಕ್ಸಾಂಡ್ರಿಯಾದಲ್ಲಿ ಟಿಪ್ಪಣಿ ಬರೆದುಕೊಂಡಿದ್ದ ಪುಸ್ತಕ ಸಾಕ್ಷಿಯಾಗಿ ನಿಂತಿತು. ಮರುವರ್ಷ ಮೊಕದ್ದಮೆ ವಜಾ ಆಯಿತು. ತನ್ನ ದಾಂಪತ್ಯದ ಅನುಮಾನವನ್ನು ಪರರ ಮುಂದೆ ವಿವರಿಸಬೇಕಾದ ಆ ದಿನಗಳು ಆಕೆಯನ್ನು ಹಣ್ಣುಮಾಡಿದ್ದವು.

'ರೆಬೆಕಾ' ಹಾಕಿಕೊಟ್ಟ ದಾರಿಯಲ್ಲಿ ಅನೇಕರು ನಡೆದರು. 1960ರಲ್ಲಿ 'ಮಿಸ್ಟ್ರೆಸ್ ಆಫ್ ಮೆಲಿನ್' ಬಂದಾಗ ವಿಕ್ಟೋರಿಯಾ ಹೋಲ್ಟ್ ಎಂಬ ಹೆಸರಿನ ಹಿಂದೆ ದು ಮಾರಿಯೇ ಇದ್ದಾಳೆಂದು ಎಷ್ಟೋ ಮಂದಿ ಊಹಿಸಿದರು. ಅಲ್ಲಿಯೂ ಕಾರ್ನ್‌ವಾಲ್, ಅಲ್ಲಿಯೂ ಸತ್ತ ಮೊದಲ ಹೆಂಡತಿ. ನಿಜವಾದ ಲೇಖಕಿ ಎಲಿನರ್ ಹಿಬರ್ಟ್. ಆ ದಶಕದ ಅಗ್ಗದ ಪುಸ್ತಕಗಳ ರಕ್ಷಾಪುಟದ ಮೇಲೆಲ್ಲ ಒಂದೇ ಚಿತ್ರ: ಕತ್ತಲಲ್ಲಿ ಓಡುವ ಹೆಣ್ಣು, ಹಿಂದೆ ಬಂಗಲೆ, ಒಂದೇ ಕಿಟಕಿಯಲ್ಲಿ ದೀಪ. ನಮ್ಮ ದೇಶದಲ್ಲೂ 1964ರಲ್ಲಿ ಹೇಮಂತ್ ಕುಮಾರ್ ನಿರ್ಮಿಸಿ ಸಂಗೀತ ಕೊಟ್ಟ ಹಿಂದಿಯ 'ಕೊಹ್ರಾ' ಇದೇ ಕಥೆಯನ್ನು ಆಧರಿಸಿತ್ತು. ವಹೀದಾ ರೆಹಮಾನ್ ಹೊಸ ಹೆಂಡತಿ, ಲಲಿತಾ ಪವಾರ್ ಹಳೆಯ ದಾಸಿ. ಆ ಹಾಡುಗಳನ್ನು ಇಂದಿಗೂ ಗುನುಗುವ ಎಷ್ಟೋ ಕೇಳುಗರಿಗೆ ಅದರ ಬೇರು ಫೋಯ್‌ನಲ್ಲಿದೆ ಎಂಬುದು ಹೊಸ ಸುದ್ದಿಯಾಗಬಹುದು.

ಬೇಲಿ ಹಾರಿ ನೋಡಿದ ಮೆನಬಿಲ್ಲಿಯಲ್ಲಿ ವಾಸಿಸುವ ಯೋಗವೂ ಆಕೆಗೆ ಕೂಡಿಬಂತು. 1943ರಲ್ಲಿ ಗುತ್ತಿಗೆಗೆ ಪಡೆದು, ಪುಸ್ತಕದ ಹಣದಿಂದ ದುರಸ್ತಿ ಮಾಡಿಸಿ, ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಅಲ್ಲಿದ್ದಳು. ಸೊತ್ತು ಮಾತ್ರ ಎಂದೂ ಆಕೆಯದಾಗಲಿಲ್ಲ. 1969ರಲ್ಲಿ ಮನೆಯನ್ನು ಮಾಲೀಕರಿಗೆ ಬಿಟ್ಟುಕೊಟ್ಟು ಹತ್ತಿರದ ಕಿಲ್‌ಮಾರ್ಥ್‌ಗೆ ಹೋದಳು. 1989ರ ಏಪ್ರಿಲ್ 19ರಂದು, 81ನೆಯ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡಳು.

'ರೆಬೆಕಾ' ಮೊದಲ ಮುದ್ರಣದಿಂದ ಇಂದಿನವರೆಗೂ ಅಂಗಡಿಗಳಲ್ಲಿ ಸಿಗುತ್ತಲೇ ಇದೆ. ಓದಿಲ್ಲದವರು ದಯವಿಟ್ಟು ಸಿನಿಮಾ ನೋಡುವ ಮೊದಲು ಪುಸ್ತಕ ಓದಿ. ಮುಗಿಸಿದ ಮೇಲೆ ಮೊದಲ ಎರಡು ಅಧ್ಯಾಯಗಳನ್ನು ಮತ್ತೊಮ್ಮೆ ಓದಿ. ಗೆದ್ದವಳು ಎರಡನೆಯ ಹೆಂಡತಿಯೋ ರೆಬೆಕಾಳೋ ಎಂಬುದನ್ನು ಆಮೇಲೆ ನೀವೇ ತೀರ್ಮಾನಿಸಿ.